ಪಕ್ಕದಲ್ಲಿ ಇನ್ನೂ ಜನ ಇದ್ರು

ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಪ್ಪ ಒಂದು ಶನಿವಾರ ವಿಸಿಆರ್ ಬಾಡಿಗೆಗೆ ತಂದರು. ಶಿವಮೊಗ್ಗದ ನಮ್ಮ ಮನೆಯಲ್ಲಿ ಅವತ್ತು ಹಬ್ಬವೇ. ಜೊತೆಗೆ ಮೂರು ಕ್ಯಾಸೆಟ್. ಅದರಲ್ಲೊಂದು 'ದಿ ಟವರಿಂಗ್ ಇನ್‌ಫರ್ನೋ'. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 138 ಮಹಡಿಯ ಕಟ್ಟಡ, ಉದ್ಘಾಟನೆಯ ರಾತ್ರಿಯೇ ಬೆಂಕಿ. ನಾವು ಮಕ್ಕಳು ಕಣ್ಣು ಮಿಟುಕಿಸದೆ ಕೂತಿದ್ದೆವು. ಅಪ್ಪನಿಗೆ ಮಾತ್ರ ಏನೋ ಸರಿ ಬರಲಿಲ್ಲ. ನಡುವೆ ಒಮ್ಮೆ ಎದ್ದು ಟಿವಿ ಹತ್ತಿರ ಹೋಗಿ, ಪರದೆಯ ಅಂಚಿನ ಮೇಲೆ ಬೆರಳಿಟ್ಟು, "ಇಷ್ಟೇ ಅಲ್ಲ ಕಣೋ, ಪಕ್ಕದಲ್ಲಿ ಇನ್ನೂ ಜನ ಇದ್ರು" ಅಂದರು. ಕಾಲೇಜಿನ ದಿನಗಳಲ್ಲಿ ಬೆಂಗಳೂರಿನ ಥಿಯೇಟರಿನಲ್ಲಿ ನೋಡಿದ್ದರಂತೆ.

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಅಪ್ಪ ಹೇಳಿದ್ದು ನಿಜ ಅಂತ ಗೊತ್ತಾಗಲು ಹತ್ತು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಆ ಜನರನ್ನೆಲ್ಲ ಮತ್ತೆ ಪರದೆಯ ಮೇಲೆ ತರಲು ಇನ್ನೂ ಹತ್ತು ವರ್ಷ. ಅದನ್ನು ಹೇಗೆ ಮಾಡಿದೆ ಅಂತ ಬರೆಯುತ್ತಿದ್ದೇನೆ. ಇಂಥ ಹಳೆಯ ಚಿತ್ರಗಳ ಡಿಸ್ಕ್ ಹುಡುಕುವವರು ನಮ್ಮಲ್ಲಿ ಈಗಲೂ ಇದ್ದಾರೆ ಅಂತ ನನಗೆ ಗೊತ್ತು.

ಮೊದಲು ಅಗಲದ ಮಾತು. 1974ರ ಆ ಚಿತ್ರವನ್ನು ತೆಗೆದದ್ದು ಪ್ಯಾನಾವಿಷನ್‌ನಲ್ಲಿ. ಎತ್ತರ 1 ಇದ್ದರೆ ಅಗಲ 2.35. ಹಳೆಯ ಟಿವಿಯ ಅಗಲ ಬರೀ 1.33. ಹಾಗಾಗಿ ಕ್ಯಾಸೆಟ್ ಮಾಡುವವರು ಚಿತ್ರದ ಒಂದು ತುಂಡನ್ನು ಮಾತ್ರ ಆರಿಸಿ ಟಿವಿಯ ಚೌಕಕ್ಕೆ ತುಂಬುತ್ತಿದ್ದರು. ಬಲಗಡೆಯವನು ಮಾತಾಡಿದರೆ ಚೌಕ ಬಲಕ್ಕೆ, ಎಡಗಡೆಯವನು ಮಾತಾಡಿದರೆ ಎಡಕ್ಕೆ. ಇದಕ್ಕೆ ಪ್ಯಾನ್ ಅಂಡ್ ಸ್ಕ್ಯಾನ್ ಅಂತ ಹೆಸರು. ಲೆಕ್ಕ ಹಾಕಿದರೆ ಚಿತ್ರದ ನೂರಕ್ಕೆ 43 ಭಾಗ ಹೋಯಿತು.

ಲೆಕ್ಕ ಕೇಳಿದರೆ ಯಾರಿಗೂ ತಟ್ಟುವುದಿಲ್ಲ. ಕಣ್ಣಿಗೆ ಕಾಣಬೇಕು. ನಾನು ಮಾಡಿದ್ದು ಹೀಗೆ. ನಮ್ಮ ಮನೆಯದು 55 ಇಂಚಿನ ಟಿವಿ, ಪರದೆಯ ಅಗಲ ಸುಮಾರು 122 ಸೆಂ.ಮೀ. ಅದರಲ್ಲಿ ಈ ಚಿತ್ರ ಬಂದಾಗ ಎತ್ತರ 52 ಸೆಂ.ಮೀ. ಬರುತ್ತದೆ. ಅದೇ ಎತ್ತರಕ್ಕೆ ಕ್ಯಾಸೆಟ್ಟಿನ ಚೌಕ ಹಾಕಿದರೆ ಅಗಲ ಬರೀ 69. ಉಳಿದ 53 ಸೆಂ.ಮೀ. ಕಾಣಿಸುವುದೇ ಇಲ್ಲ. ಸ್ಟೇಷನರಿ ಅಂಗಡಿಯಿಂದ ಕಪ್ಪು ಚಾರ್ಟ್ ಪೇಪರ್ ತಂದೆ. ಎರಡು ಪಟ್ಟಿ ಕತ್ತರಿಸಿ, ಸೆಲೋಟೇಪಿನಲ್ಲಿ ಎರಡೂ ಪಕ್ಕ ಅಂಟಿಸಿ ಐದು ನಿಮಿಷ ಚಿತ್ರ ನೋಡಿದೆ. ಆಮೇಲೆ ಪಟ್ಟಿ ಕಿತ್ತೆ. ಕಿತ್ತ ಕೂಡಲೇ ಮೇಲಿನ ಮಹಡಿಯ ಪಾರ್ಟಿಯಲ್ಲಿ ಜನ ತುಂಬಿಕೊಂಡರು. ವಿಶಾಲವಾದ ಆ ಹಾಲ್ ನಿಜಕ್ಕೂ ಹಾಲ್ ಆಯಿತು. ಇಷ್ಟು ಜನ ಇಲ್ಲಿ ಸಿಕ್ಕಿಬಿದ್ದಿದ್ದಾರಲ್ಲ ಅನ್ನುವ ಭಯ ಆಗ ಹುಟ್ಟಿತು. ದುರಂತ ಚಿತ್ರಕ್ಕೆ ಅದೇ ತಾನೇ ಪ್ರಾಣ? ಒಬ್ಬಿಬ್ಬರ ಮುಖ ಮಾತ್ರ ಕಂಡರೆ ಅದು ಬರೀ ಸಾಹಸದ ಚಿತ್ರ ಆಗಿಬಿಡುತ್ತದೆ.

ಕ್ಯಾಸೆಟ್ ಆದಮೇಲೆ ನಮ್ಮ ಕಡೆ ವಿಸಿಡಿ ಕಾಲ. ಅದರ ಬಗ್ಗೆ ಜಾಸ್ತಿ ಹೇಳುವಂಥದ್ದಿಲ್ಲ. 352 ಬೈ 288 ಚುಕ್ಕೆಗಳ ಚಿತ್ರ, ಒಂದು ಡಿಸ್ಕಿಗೆ ಹೆಚ್ಚೆಂದರೆ 80 ನಿಮಿಷ. 165 ನಿಮಿಷದ ಈ ಚಿತ್ರಕ್ಕೆ ಮೂರು ಡಿಸ್ಕ್ ಬೇಕು. ಬೆಂಕಿಯ ದೃಶ್ಯದಲ್ಲಿ ಜ್ವಾಲೆಯೆಲ್ಲ ಚೌಕ ಚೌಕ.

ನಿಜವಾಗಿ ಕಲಿತದ್ದು ಡಿವಿಡಿ ಕಾಲದಲ್ಲಿ. ನಾನು ಆಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದೆ. ಮೊದಲ ಡಿವಿಡಿಯನ್ನು ಒಬ್ಬ ಮಾರಾಟಗಾರರ ಹತ್ತಿರ ಹೊರದೇಶದಿಂದ ತರಿಸಿದೆ. ಎರಡು ಸಾವಿರ ರೂಪಾಯಿಗಿಂತ ಜಾಸ್ತಿ ಆಯಿತು. ವೈಡ್‌ಸ್ಕ್ರೀನ್ ಅಂತ ಹೇಳಿದ್ದರು. ಬಂದದ್ದು ಮತ್ತೆ ಅದೇ ಕತ್ತರಿಸಿದ ಚೌಕ. ಶುರುವಿನಲ್ಲೇ, ನಿಮ್ಮ ಪರದೆಗೆ ಹೊಂದುವಂತೆ ಚಿತ್ರವನ್ನು ಬದಲಿಸಲಾಗಿದೆ ಅನ್ನುವ ಸೂಚನೆ ಬಂತು. ಹಣ ವಾಪಸ್ ಬರಲಿಲ್ಲ. ತುಂಬಾ ಬೇಜಾರಾಯಿತು. ಅವತ್ತಿನಿಂದ ಡಬ್ಬಿಯ ಹಿಂಭಾಗದ ಫೋಟೋ ಕಳಿಸದೆ ಇರುವವರ ಹತ್ತಿರ ನಾನು ಏನೂ ಕೊಂಡಿಲ್ಲ.

ಹಿಂಭಾಗದಲ್ಲಿ ಮೂರು ವಿಷಯ ನೋಡುತ್ತೇನೆ. ಒಂದು, 2.35 ಅಥವಾ 2.40 ಅನ್ನುವ ಅಂಕಿ. ಎರಡು, 'ಅನಮಾರ್ಫಿಕ್' ಅಥವಾ '16:9 ಟಿವಿಗೆ ಸರಿಹೊಂದಿಸಿದ್ದು' ಅನ್ನುವ ಮಾತು. ಅಂದರೆ ಅಗಲದ ಚಿತ್ರವನ್ನು ಅಡ್ಡಕ್ಕೆ ಒತ್ತಿ ಡಿಸ್ಕಿನಲ್ಲಿ ತುಂಬಿರುತ್ತಾರೆ, ಟಿವಿಯಲ್ಲಿ ಅದು ಮತ್ತೆ ಅಗಲವಾಗುತ್ತದೆ. ಇದು ಸಣ್ಣ ವಿಷಯ ಅಲ್ಲ. ಪಾಲ್ ಡಿವಿಡಿಯಲ್ಲಿ, ಅಂದರೆ ನಮ್ಮಲ್ಲೂ ಯುರೋಪಿನಲ್ಲೂ ನಡೆಯುತ್ತಿದ್ದ ಟಿವಿ ಪದ್ಧತಿಯ ಡಿಸ್ಕಿನಲ್ಲಿ, ಒಟ್ಟು 576 ಗೆರೆ ಇರುತ್ತವೆ. ಅನಮಾರ್ಫಿಕ್ ಅಲ್ಲದ ಡಿಸ್ಕಿನಲ್ಲಿ ಕಪ್ಪು ಪಟ್ಟಿಗಳೇ ಅರ್ಧದ ಹತ್ತಿರ ತಿಂದುಬಿಡುತ್ತವೆ, ಚಿತ್ರಕ್ಕೆ ಉಳಿಯುವುದು 327 ಗೆರೆ. ಅನಮಾರ್ಫಿಕ್ ಆದರೆ 436. ದೊಡ್ಡ ಟಿವಿಯಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಮೂರನೆಯದು ಸಮಯ. ಇದು ನನ್ನನ್ನು ಒಂದು ವಾರ ಕಾಡಿತು. ಒಂದು ಡಬ್ಬಿಯ ಮೇಲೆ 165 ನಿಮಿಷ, ಇನ್ನೊಂದರ ಮೇಲೆ 158. ಏಳು ನಿಮಿಷ ಕತ್ತರಿಸಿದ್ದಾರೆ ಅಂದುಕೊಂಡೆ. ಎರಡನ್ನೂ ಪಕ್ಕಪಕ್ಕ ಹಾಕಿ ದೃಶ್ಯ ದೃಶ್ಯ ಹೋಲಿಸಿದೆ. ಒಂದೂ ಕಡಿಮೆ ಇಲ್ಲ! ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ಪಾಲ್ ಡಿಸ್ಕಿನಲ್ಲಿ ಅದನ್ನು 25ಕ್ಕೆ ಓಡಿಸುತ್ತಾರೆ. ಹಾಗಾಗಿ ಇಡೀ ಚಿತ್ರ ನೂರಕ್ಕೆ ನಾಲ್ಕರಷ್ಟು ಬೇಗ ಮುಗಿಯುತ್ತದೆ. ಸರಿಪಡಿಸದೆ ಬಿಟ್ಟರೆ ಶ್ರುತಿಯೂ ಅರ್ಧಸ್ವರದ ಮುಕ್ಕಾಲು ಭಾಗದ ಹತ್ತಿರ ಏರುತ್ತದೆ. ಜಾನ್ ವಿಲಿಯಮ್ಸ್ ಅವರ ಶುರುವಿನ ಸಂಗೀತ, ಹೆಲಿಕಾಪ್ಟರ್ ಸಮುದ್ರದ ದಡ ಹಿಡಿದು ಗೋಲ್ಡನ್ ಗೇಟ್ ಸೇತುವೆಯ ಕಡೆ ಬರುವಾಗ ಕೇಳಿಸುತ್ತದಲ್ಲ, ಅದನ್ನು ಎರಡೂ ಡಿಸ್ಕಿನಲ್ಲಿ ಒಂದರ ಹಿಂದೆ ಒಂದು ಕೇಳಿ ನೋಡಿ. ಒಂದರಲ್ಲಿ ಗಂಭೀರ, ಇನ್ನೊಂದರಲ್ಲಿ ಏನೋ ಅವಸರ. ಬ್ಲೂ-ರೇ 24 ಫ್ರೇಮಿನಲ್ಲೇ ಓಡುವುದರಿಂದ ಅಲ್ಲಿ ಈ ತೊಂದರೆ ಇಲ್ಲ. 2009ರ ಬ್ಲೂ-ರೇ ತರಿಸಿಕೊಂಡದ್ದು ಮುಖ್ಯವಾಗಿ ಇದೇ ಕಾರಣಕ್ಕೆ.

ಈ ಚಿತ್ರಕ್ಕೆ ದೇಶಕ್ಕೊಂದು ಡಬ್ಬಿ ಯಾಕೆ ಅಂತ ಕೇಳಬಹುದು. ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಮತ್ತು ವಾರ್ನರ್ ಬ್ರದರ್ಸ್ ಸೇರಿ ಮಾಡಿದ ಚಿತ್ರ ಇದು. ಇಬ್ಬರ ಹತ್ತಿರವೂ ಒಂದೊಂದು ಕಾದಂಬರಿಯ ಹಕ್ಕಿತ್ತು, ಎರಡೂ ಎತ್ತರದ ಕಟ್ಟಡಕ್ಕೆ ಬೆಂಕಿ ಬೀಳುವ ಕಥೆ. ನಿರ್ಮಾಪಕ ಇರ್ವಿನ್ ಅಲೆನ್ ಎರಡನ್ನೂ ಒಂದೇ ಚಿತ್ರ ಮಾಡಲು ಒಪ್ಪಿಸಿದರು. ಅಮೆರಿಕದಲ್ಲಿ ಹಂಚಿದ್ದು ಫಾಕ್ಸ್, ಹೊರದೇಶಗಳಲ್ಲಿ ವಾರ್ನರ್. ಹುಡುಕುವಾಗ ಇದು ಗೊತ್ತಿದ್ದರೆ ಗೊಂದಲ ಕಡಿಮೆ.

ಇನ್ನು ರೀಜನ್ ಕೋಡ್, ಅಂದರೆ ಡಿಸ್ಕ್ ಯಾವ ದೇಶದ ಪ್ಲೇಯರಿನಲ್ಲಿ ಓಡಬೇಕು ಅನ್ನುವ ಗುರುತು. ಡಿವಿಡಿಯಲ್ಲಿ ಅಮೆರಿಕ 1, ನಾವು 5. ಬ್ಲೂ-ರೇಯಲ್ಲಿ ಅಮೆರಿಕ ಎ, ನಾವು ಸಿ. ಕಂಪ್ಯೂಟರಿನ ಡಿವಿಡಿ ಡ್ರೈವಿನಲ್ಲಿ ರೀಜನ್ ಬದಲಿಸಬಹುದು, ಆದರೆ 5 ಸಲ ಮಾತ್ರ. ಆಮೇಲೆ ಕೊನೆಯ ಆಯ್ಕೆಯೇ ಗಟ್ಟಿ. ಹಾಗಾಗಿ ಒಂದು ಡ್ರೈವನ್ನು 1ಕ್ಕೇ ಮೀಸಲಿಟ್ಟೆ. ಬ್ಲೂ-ರೇಗೆ ಎಲ್ಲ ರೀಜನ್ ಓಡಿಸುವ ಪ್ಲೇಯರ್ ತೆಗೆದುಕೊಳ್ಳುವುದೇ ದಾರಿ. ಎಷ್ಟೋ ಡಿಸ್ಕುಗಳಲ್ಲಿ ಎ, ಬಿ, ಸಿ ಮೂರೂ ಇರುತ್ತವೆ. ಕೊಳ್ಳುವ ಮೊದಲು ಕೇಳಿಬಿಡಿ.

ಈಗ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಅದೇ ವರ್ಷ, 1974ರಲ್ಲಿ, ಯೂನಿವರ್ಸಲ್‌ನವರ 'ಅರ್ಥ್‌ಕ್ವೇಕ್' ಬಂತು. ಮಾರ್ಕ್ ರಾಬ್ಸನ್ ನಿರ್ದೇಶನ, ಚಾರ್ಲ್ಟನ್ ಹೆಸ್ಟನ್ ನಾಯಕ, ಲಾಸ್ ಏಂಜಲೀಸ್ ನಗರ ಕುಸಿಯುವ ಕಥೆ. ಇದನ್ನು ನಾನು ಮೊದಲು ನೋಡಿದ್ದು ಟಿವಿಯಲ್ಲಿ. ಚೆನ್ನಾಗಿದೆ, ಅಷ್ಟೇ ಅನ್ನಿಸಿತ್ತು. ಕಟ್ಟಡಗಳು ಬೀಳುತ್ತಿವೆ, ಆದರೆ ಏನೋ ಟೊಳ್ಳು.

ಆ ಟೊಳ್ಳಿಗೆ ಕಾರಣ ಇತ್ತು. ಈ ಚಿತ್ರಕ್ಕಾಗಿ ಸೆನ್ಸರೌಂಡ್ ಅನ್ನುವ ವ್ಯವಸ್ಥೆ ಮಾಡಿದ್ದರು. ಥಿಯೇಟರಿನಲ್ಲಿ ಪರದೆಯ ಕೆಳಗೂ ಹಿಂಭಾಗದಲ್ಲೂ ಸರ್ವಿನ್-ವೆಗಾ ಕಂಪನಿಯ ದೊಡ್ಡ ದೊಡ್ಡ ಸ್ಪೀಕರ್ ಇಟ್ಟು, ಕಿವಿಗಿಂತ ಎದೆಗೆ ಮೊದಲು ತಾಗುವಷ್ಟು ಕೆಳಸ್ವರದ ಗುಡುಗು ಹೊರಡಿಸುತ್ತಿದ್ದರು. ಹಾಲಿವುಡ್ಡಿನ ಚೈನೀಸ್ ಥಿಯೇಟರಿನಲ್ಲಿ ಚಾವಣಿಯ ಗಾರೆ ಉದುರಿದರೆ ಪ್ರೇಕ್ಷಕರ ತಲೆಗೆ ಬೀಳದಿರಲಿ ಅಂತ ಬಲೆ ಕಟ್ಟಿದ್ದರು. ಆದರೆ ಮುಖ್ಯ ವಿಷಯ ಬೇರೆ ಇದೆ. ಸಾಮಾನ್ಯ 35 ಎಂ.ಎಂ. ಫಿಲ್ಮಿನ ಮೇಲೆ ಆ ಗುಡುಗೇ ಇರಲಿಲ್ಲ! ಫಿಲ್ಮಿನಲ್ಲಿ ಇದ್ದದ್ದು ಒಂದು ಸಂಕೇತದ ಸದ್ದು ಮಾತ್ರ. ಅದು ಬಂದಾಗ ಥಿಯೇಟರಿನಲ್ಲಿದ್ದ ಪೆಟ್ಟಿಗೆ ತಾನೇ ಗುಡುಗನ್ನು ಹುಟ್ಟಿಸುತ್ತಿತ್ತು. ಅಂದರೆ ಆ ಫಿಲ್ಮಿನ ಧ್ವನಿಯನ್ನು ಹಾಗೇ ಕ್ಯಾಸೆಟ್ಟಿಗೆ ಇಳಿಸಿದರೆ ಭೂಕಂಪವೇ ಹೊರಗೆ ಉಳಿದುಬಿಡುತ್ತದೆ. ಅಪ್ಪ ಹೇಳಿದ ಪಕ್ಕದ ಜನರ ಹಾಗೆಯೇ ಇದೂ.

2006ರ ಅಮೆರಿಕದ ಡಿವಿಡಿಯಲ್ಲಿ ಇದನ್ನು ವಾಪಸ್ ತಂದರು. ಅದರಲ್ಲಿ ಹೊಸದಾಗಿ ಮಾಡಿದ 5.1 ಧ್ವನಿ ಟ್ರ್ಯಾಕ್ (ಐದು ಸ್ಪೀಕರ್, ಒಂದು ಸಬ್‌ವೂಫರ್ ಅಂದರೆ ಕೆಳಸ್ವರದ ಸ್ಪೀಕರ್) ಇದೆ, ಜೊತೆಗೆ 'ಸೆನ್ಸರೌಂಡ್ 3.1' ಅಂತ ಇನ್ನೊಂದು. ಮುಂದಿನ ಮೂರು ಸ್ಪೀಕರಿನಲ್ಲಿ ಚಿತ್ರದ ಸದ್ದು, ಸಬ್‌ವೂಫರಿನಲ್ಲಿ ಗುಡುಗು. ಐದು ದೊಡ್ಡದು, ಮೂರು ಚಿಕ್ಕದು ಅಂತ 5.1 ಹಾಕಬೇಡಿ. ಮೆನುಗೆ ಹೋಗಿ 3.1 ಆರಿಸಿ.

ಟ್ರ್ಯಾಕ್ ಸಿಕ್ಕರೆ ಸಾಲದು, ಕೋಣೆ ಸಿದ್ಧ ಆಗಬೇಕು. ಎಸ್.ಪಿ. ರೋಡಿನಲ್ಲಿ ಎರಡು ಶನಿವಾರ ಅಲೆದು 12 ಇಂಚಿನ ಸಬ್‌ವೂಫರ್ ತಂದೆ. ಟಿವಿ ಪಕ್ಕ ಇಟ್ಟರೆ ಒಂದು ಕಡೆ ಗುಂಯ್ ಅನ್ನುತ್ತದೆ, ನಾನು ಕೂರುವ ಸೋಫಾದಲ್ಲಿ ಏನೂ ಇಲ್ಲ. ಕೆಳಸ್ವರ ಗೋಡೆಗಳಿಗೆ ಬಡಿದು ಕೆಲವು ಜಾಗದಲ್ಲಿ ಕೂಡುತ್ತದೆ, ಕೆಲವು ಕಡೆ ಅಳಿಸಿಹೋಗುತ್ತದೆ. ಅದಕ್ಕೊಂದು ಉಪಾಯ ಇದೆ. ಸಬ್‌ವೂಫರನ್ನು ಎತ್ತಿ ಸೋಫಾದ ಜಾಗದಲ್ಲೇ ಇಟ್ಟೆ. ಗುಡುಗಿನ ದೃಶ್ಯ ಹಾಕಿ, ಗೋಡೆ ಪಕ್ಕ ಮಂಡಿಯೂರಿ ಕಿವಿ ಕೆಳಗಿಟ್ಟು ಇಡೀ ಕೋಣೆ ಸುತ್ತಿದೆ. ಕಿಟಕಿಯ ಎಡ ಮೂಲೆಯಿಂದ ಎರಡು ಅಡಿ ಈಚೆಗೆ ಸದ್ದು ತುಂಬಿಕೊಂಡು, ಒಡೆಯದೆ ಬಂತು. ಸಬ್‌ವೂಫರನ್ನು ಅಲ್ಲಿಗೆ ಸರಿಸಿದೆ. ಸೋಫಾದಲ್ಲಿ ಕೂತರೆ ಈಗ ಬೆನ್ನಿಗೆ ತಾಗುತ್ತದೆ.

ಅಷ್ಟಾದ ಮೇಲೆ ಮನೆಯ ವಸ್ತುಗಳೆಲ್ಲ ಮಾತಾಡಲು ಶುರು ಮಾಡಿದವು. ಸ್ಟೀಲ್ ಬೀರುವಿನ ಬಾಗಿಲು, ಅಡುಗೆಮನೆಯ ತಟ್ಟೆ ಸ್ಟ್ಯಾಂಡು, ಗೋಡೆಯ ಫೋಟೋ. ಫೋಟೋಗಳ ಹಿಂದೆ ಫೆಲ್ಟ್ ತುಂಡು ಅಂಟಿಸಿದೆ. ಬೀರುವಿನ ಬಾಗಿಲ ಸಂದಿಗೆ ರಬ್ಬರ್ ಪಟ್ಟಿ ಹಾಕಿದೆ. ಕೆಳಗಿನ ಮನೆಯವರಿಗೆ ಮೊದಲೇ ಹೇಳಿ, ಭಾನುವಾರ ಸಂಜೆ ನಾಲ್ಕರಿಂದ ಆರರ ಒಳಗೆ ಮಾತ್ರ ಹಾಕುತ್ತೇನೆ.

2019ರಲ್ಲಿ 'ಅರ್ಥ್‌ಕ್ವೇಕ್' ಅಮೆರಿಕದಲ್ಲಿ ಎರಡು ಡಿಸ್ಕಿನ ಬ್ಲೂ-ರೇ ಆಗಿ ಬಂತು. ಎರಡನೇ ಡಿಸ್ಕಿನಲ್ಲಿ 1976ರಲ್ಲಿ ಎನ್‌ಬಿಸಿ ಟಿವಿಯಲ್ಲಿ ಎರಡು ರಾತ್ರಿ ತೋರಿಸಿದ ರೂಪ ಇದೆ. ಅದಕ್ಕಾಗಿ ವಿಮಾನದಲ್ಲಿ ಬರುವ ಹೊಸ ದಂಪತಿಯ ಕಥೆಯೊಂದನ್ನು ಬೇರೆಯಾಗಿ ಚಿತ್ರೀಕರಿಸಿ ಸೇರಿಸಿದ್ದರು, ನಿರ್ದೇಶಕರ ಕೈ ಅದರಲ್ಲಿಲ್ಲ. ನನಗೆ ಆ ಭಾಗ ಇಷ್ಟವಾಗಲಿಲ್ಲ, ಚಿತ್ರದ ಓಟ ಕುಂಟುತ್ತದೆ. ಆದರೂ ಅದು ಡಿಸ್ಕಿನಲ್ಲಿ ಇರಬೇಕಾದದ್ದೇ. ಎಷ್ಟೋ ಜನ ಈ ಚಿತ್ರವನ್ನು ನೋಡಿದ್ದು ಆ ರೂಪದಲ್ಲೇ. 'ದಿ ಸ್ವಾರ್ಮ್' ಕೂಡ ಹೀಗೆ. 1978ರಲ್ಲಿ ಥಿಯೇಟರಿಗೆ ಬಂದದ್ದು 116 ನಿಮಿಷ, ಆಮೇಲೆ ಡಿಸ್ಕಿನಲ್ಲಿ ಬಂದ ಉದ್ದದ ರೂಪ ಎರಡೂವರೆ ಗಂಟೆ ದಾಟುತ್ತದೆ. ಜೇನುನೊಣದ ಚಿತ್ರ ಅಷ್ಟು ಉದ್ದ ಬೇಕಿರಲಿಲ್ಲ ಅಂತ ನನ್ನ ಅನಿಸಿಕೆ.

ಡಿಸ್ಕ್ ಇಡುವ ಬಗ್ಗೆ ಒಂದು ಮಾತು. ಶಿವಮೊಗ್ಗದ ಮಳೆಗಾಲದಲ್ಲಿ ನಮ್ಮ ಕ್ಯಾಸೆಟ್ಟುಗಳಿಗೆಲ್ಲ ಬಿಳಿ ಬೂಷ್ಟು ಹಿಡಿದು ಹಾಳಾದವು. ಹಾಗಾಗಿ ಡಿಸ್ಕುಗಳನ್ನು ಗಾಳಿಯಾಡದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ, ನಿಲ್ಲಿಸಿ ಇಡುತ್ತೇನೆ. ಒರೆಸುವಾಗ ಸುತ್ತಲೂ ಒರೆಸಬಾರದು, ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು.

ಹೋದ ದೀಪಾವಳಿಗೆ ಅಪ್ಪ ಬೆಂಗಳೂರಿಗೆ ಬಂದಿದ್ದರು. ಈಗ ಎಪ್ಪತ್ತು ದಾಟಿದೆ. ಏನೂ ಹೇಳದೆ 'ಟವರಿಂಗ್ ಇನ್‌ಫರ್ನೋ' ಹಾಕಿದೆ. ಹೆಲಿಕಾಪ್ಟರ್ ಬಂತು, ಸಂಗೀತ ಬಂತು, ನಾಯಕರ ಹೆಸರು ಬಂತು. ಸ್ಟೀವ್ ಮೆಕ್ವೀನ್ ಹೆಸರು ಎಡಗಡೆ, ಆದರೆ ಸ್ವಲ್ಪ ಕೆಳಗೆ. ಪಾಲ್ ನ್ಯೂಮನ್ ಹೆಸರು ಬಲಗಡೆ, ಸ್ವಲ್ಪ ಮೇಲೆ. ಇಬ್ಬರಲ್ಲಿ ಯಾರೂ ಹೆಚ್ಚು ಕಡಿಮೆ ಆಗಬಾರದು ಅಂತ ಹಾಗೆ ಜೋಡಿಸಿದ್ದರು. ಅಪ್ಪ ಕನ್ನಡಕ ಸರಿ ಮಾಡಿಕೊಂಡು ಸೋಫಾದ ತುದಿಗೆ ಬಂದು ಕೂತರು.

ಪಾರ್ಟಿಯ ದೃಶ್ಯ ಬಂದಾಗ ಎದ್ದು ಟಿವಿ ಹತ್ತಿರ ಹೋದರು. ಮೂವತ್ತು ವರ್ಷದ ಹಿಂದೆ ಇಟ್ಟ ಹಾಗೆಯೇ ಪರದೆಯ ಬಲ ಅಂಚಿನ ಮೇಲೆ ಬೆರಳಿಟ್ಟರು.

"ಇಲ್ಲೇ ಇದ್ರು ನೋಡು" ಅಂದರು. "ಸ್ವಲ್ಪ ಹಿಂದಕ್ಕೆ ಹಾಕು, ಇನ್ನೊಂದ್ಸಲ ನೋಡ್ತೀನಿ."