ತಾಮನೆಯಿಂದ ಬರೆದ ವಂಶಾವಳಿ

ಕೊಡಗಿನ ನಾಪೋಕ್ಲು ಸುತ್ತಲಿನ ಕೆಲವು ಒಕ್ಕಗಳವರು (ಒಕ್ಕವೆಂದರೆ ಕೊಡವರ ಮನೆತನ) ಸೇರಿ ವಂಶಾವಳಿ ಬರೆಯುವ ಬಳಗವೊಂದನ್ನು ಕಟ್ಟಿಕೊಂಡಾಗ, ಒಕ್ಕದ ಮೂಲಮನೆಯಾದ ಐನ್‌ಮನೆಯೂ ಗತಿಸಿದ ಹಿರಿಯರಾದ ಕಾರಣವರಿಗೆ ಎಡೆಯಿಡುವ ಗುಡಿಯಾದ ಕೈಮಡವೂ ಇರುವ ಕೊಡವರಲ್ಲಿ ಹಿಂದಿನವರನ್ನು ಹೊಸದಾಗಿ ಹುಡುಕಬೇಕಾದ ಅಗತ್ಯವೇನೆಂದು ಹಲವರು ಕೇಳಿದರು. ಆದರೆ ಒಕ್ಕಗಳು ಉಳಿಸಿಕೊಂಡಿದ್ದ ಪಟ್ಟಿಗಳಲ್ಲಿ ಇದ್ದುದು ಹೆಚ್ಚಾಗಿ ಗಂಡಸರ ಹೆಸರು. ಮದುವೆಯಾಗಿ ಹೋದ ಹೆಣ್ಣುಮಕ್ಕಳು ಅಲ್ಲಿ ಇರಲಿಲ್ಲ. ಸೊಸೆಯಾಗಿ ಬಂದವರಿಗೆ ಹೆಸರಿದ್ದರೂ ಹುಟ್ಟಿದ ಮನೆಯ ಗುರುತಿರಲಿಲ್ಲ. ಆದ್ದರಿಂದ ಪ್ರತಿಯೊಬ್ಬ ಹೆಂಗಸಿನ ಹೆಸರನ್ನೂ ಅವಳ ತಾಮನೆ (ತವರುಮನೆ), ಸೇರಿದ ಒಕ್ಕ ಮತ್ತು ಊರಿನೊಂದಿಗೆ ಬರೆಯಲೇಬೇಕೆಂಬ ನಿಯಮ ಮಾಡಿಕೊಂಡೆವು.

ಇದಕ್ಕಾಗಿ ಮೊದಲು ಅಜ್ಜಿಯಂದಿರ ಬಳಿ ಹೋದೆವು. ನಾಟಿ ಮುಗಿದು ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲಿನ ದಿನಗಳಲ್ಲಿ ಮನೆಯವರಿಗೆ ತುಸು ಬಿಡುವಿರುತ್ತದೆ. ಹುಟ್ಟಿದ ವರ್ಷ ಕೇಳಿದರೆ ಉತ್ತರ ಬರುತ್ತಿರಲಿಲ್ಲ. ಕಾರ್ಯಪ್ಪನವರು 1949ರಲ್ಲಿ ಸೇನಾ ಮುಖ್ಯಸ್ಥರಾದಾಗ ನೀವು ಎಷ್ಟು ದೊಡ್ಡವರು, 1956ರಲ್ಲಿ ಕೊಡಗು ಮೈಸೂರಿಗೆ ಸೇರುವಾಗ ಮದುವೆಯಾಗಿತ್ತೇ ಎಂದು ಕೇಳಿದರೆ ಕಾಲ ತಾನಾಗಿ ಕೂಡಿಬರುತ್ತಿತ್ತು.

ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ವಾಡಿಕೆಯಿಂದ ಒಂದೇ ಹೆಸರಿನವರು ತಲೆಮಾರು ಬಿಟ್ಟು ತಲೆಮಾರಿಗೆ ಬರುತ್ತಾರೆ. ಅವರನ್ನು ಬೇರ್ಪಡಿಸಲು ಜಮ್ಮಾ ಜಮೀನಿನ (ವಂಶಪಾರಂಪರ್ಯವಾಗಿ ಒಕ್ಕಕ್ಕೆ ಬಂದ ಹಿಡುವಳಿಯ) ದಾಖಲೆಗಳು ನೆರವಾದವು. ಜಮ್ಮಾ ಹಿಡುವಳಿ ಒಕ್ಕದ ಹಿರಿಯರಾದ ಪಟ್ಟೇದಾರರ ಹೆಸರಿನಲ್ಲಿರುತ್ತಿದ್ದು, ಅವರ ನಂತರ ಒಕ್ಕದ ಮುಂದಿನ ಹಿರಿಯರಿಗೆ ಬರುತ್ತಿದ್ದುದರಿಂದ, ಪಟ್ಟೇದಾರಿಕೆ ಬದಲಾದ ವರ್ಷವು ಹಿಂದಿನವರ ಮರಣದ ಕಾಲವನ್ನು ಸುಮಾರಾಗಿ ತಿಳಿಸುತ್ತದೆ. ಹಳೆಯ ಸೈನಿಕರ ಪಿಂಚಣಿ ಕಾಗದಗಳೂ ಹೀಗೆಯೇ ಉಪಯೋಗಕ್ಕೆ ಬಂದವು.

ತಾಮನೆಗಳನ್ನು ನಕ್ಷೆಯ ಮೇಲೆ ಗುರುತಿಸಿದಾಗ ನನಗೆ ಅತ್ಯಂತ ಸಂತೋಷವಾಯಿತು. ಹಳೆಯ ಸಂಬಂಧಗಳು ಬಹುಪಾಲು ಅಕ್ಕಪಕ್ಕದ ನಾಡುಗಳೊಳಗೇ, ನಡೆದು ಹೋಗಬಹುದಾದ ದಾರಿಗಳ ಉದ್ದಕ್ಕೂ ಹರಡಿದ್ದವು. ಇಂದು ಕಾಫಿ ತೋಟದೊಳಗೆ ಮುಚ್ಚಿಹೋಗಿರುವ ಒಂದು ಕಾಲುದಾರಿಯ ಎರಡು ತುದಿಯ ಊರುಗಳು ಮೂರು ತಲೆಮಾರು ಹೆಣ್ಣು ಕೊಟ್ಟು ತಂದುಕೊಂಡಿದ್ದವು. ಗಂಡಸರ ಪಟ್ಟಿಯನ್ನಷ್ಟೇ ನಂಬಿದ್ದರೆ ಆ ದಾರಿ ನಮಗೆ ಸಿಗುತ್ತಿರಲಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಗಂಡು ಸಂತತಿಯಿಲ್ಲದ ಒಂದು ಮನೆಯಲ್ಲಿ ಅಳಿಯನೇ ಬಂದು ಒಕ್ಕಪರಿಜೆ ಎಂಬ ಮದುವೆಯ ಪದ್ಧತಿಯಂತೆ ಹೆಂಡತಿಯ ಒಕ್ಕಕ್ಕೆ ಸೇರಿದ್ದನೆಂಬುದೂ, ಇಂದಿನ ಇಡೀ ಕುಟುಂಬ ಆ ಹೆಣ್ಣುಮಗಳಿಂದಲೇ ಮುಂದುವರಿದದ್ದೆಂಬುದೂ ಹೀಗೆಯೇ ತಿಳಿದುಬಂತು. ಅವಳ ಹೆಸರನ್ನು ಈಗ ಆ ಶಾಖೆಯ ಮೊದಲಿಗೆ ಬರೆದಿದ್ದೇವೆ.

ಐನ್‌ಮನೆಗಳ ಗದ್ದೆಗಳಲ್ಲಿ ತಲೆತಲಾಂತರದಿಂದ ದುಡಿದ ಯರವ ಬುಡಕಟ್ಟಿನ ಕುಟುಂಬಗಳ ವಿವರ ನಾವು ನೋಡಿದ ಜಮೀನಿನ ಕಾಗದಗಳಲ್ಲಿ ಇಲ್ಲ. ಅವರ ಹಿರಿಯರ ಒಪ್ಪಿಗೆ ಪಡೆದು, ಅವರು ಹೇಳಿದ ಕ್ರಮದಲ್ಲೇ ಬರೆದುಕೊಳ್ಳುವ ಕೆಲಸ ಈಗ ನಡೆದಿದೆ. ಅದರ ಮೊದಲ ಪ್ರತಿ ಅವರ ಹಾಡಿಯಲ್ಲೇ (ವಾಸದ ಕೇರಿಯಲ್ಲೇ) ಉಳಿಯುತ್ತದೆ.