ಟ್ಯಾಬ್ ಚಿಕ್ಕದು ತಗೊಳ್ಳೋದಾ ದೊಡ್ಡದಾ? ಮೊದಲು ಜೆರಾಕ್ಸ್ ಅಂಗಡಿಗೆ ಹೋಗಿ ಬನ್ನಿ

ಟ್ಯಾಬ್ ತಗೋಬೇಕು, ಎಂಟು ಇಂಚಿನ ಹತ್ರದ್ದು ತಗೊಳ್ಳೋದಾ ಇಲ್ಲ ಹನ್ನೊಂದು ಇಂಚಿಂದಾ ಅಂತ ಯಾರಾದ್ರೂ ಕೇಳಿದ್ರೆ ನಾನು ಈಗ ರ‍್ಯಾಮ್ ಬಗ್ಗೆ, ಪ್ರೊಸೆಸರ್ ಬಗ್ಗೆ ಏನೂ ಮಾತಾಡಲ್ಲ, ಅದರಲ್ಲಿ ನೀವು ಏನು ಓದ್ತೀರ ಅಂತ ಮಾತ್ರ ಕೇಳ್ತೀನಿ. ಇದನ್ನ ನಾನು ಕಲ್ತಿದ್ದು ಅಪ್ಪನಿಗೆ ಟ್ಯಾಬ್ ತಂದಾಗ. ಅಪ್ಪ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು, ಶಾಸನ ಅಂದ್ರೆ ಪ್ರಾಣ, ಇಂಟರ್ನೆಟ್ಟಲ್ಲಿ ಹಳೇ ಶಾಸನ ಸಂಪುಟಗಳ ಸ್ಕ್ಯಾನ್ ಸಿಗುತ್ತೆ ಅಂತ ಗೊತ್ತಾದ್ಮೇಲಂತೂ ಕೂತಲ್ಲಿ ನಿಂತಲ್ಲಿ ಅದೇ ಮಾತು. ವಯಸ್ಸಾದವರು, ಕೈಗೆ ಹಗುರ ಇರಲಿ ಅಂತ ನಾವು ಚಿಕ್ಕದು ತಂದುಕೊಟ್ವಿ. ಒಂದು ವಾರ ಪಾಪ ಬೆರಳಲ್ಲಿ ಹಿಗ್ಗಿಸೋದು, ಎಡಕ್ಕೆ ಎಳೆಯೋದು, ಬಲಕ್ಕೆ ಎಳೆಯೋದು, ಸಾಲು ಮುಗಿಯೋಷ್ಟರಲ್ಲಿ ಮುಂದಿನ ಸಾಲು ಎಲ್ಲಿ ಶುರುವಾಗಿತ್ತು ಅಂತ ಹುಡುಕೋದು, ಆಮೇಲೆ ಸುಮ್ಮನೆ ಅದನ್ನ ಟೀವಿ ಪಕ್ಕ ಇಟ್ಟು ಹಳೇ ಜೆರಾಕ್ಸ್ ಕಟ್ಟು ಬಿಚ್ಕೊಂಡು ಕೂತ್ರು. ನಂಗೆ ತುಂಬಾ ಬೇಜಾರಾಯ್ತು, ಯಾಕಂದ್ರೆ ಟ್ಯಾಬಲ್ಲಿ ಏನೂ ದೋಷ ಇರಲಿಲ್ಲ, ನಾವು ಆರಿಸಿದ ಸೈಜೇ ತಪ್ಪು.

ಓದೋ ಸಾಮಗ್ರಿಯಲ್ಲಿ ಎರಡು ಜಾತಿ ಇದೆ, ಇಷ್ಟು ತಿಳ್ಕೊಂಡ್ರೆ ಅರ್ಧ ಕೆಲಸ ಮುಗೀತು. ಒಂದು, ಹರಿಯೋ ಅಕ್ಷರ, ಅಂದ್ರೆ ವೆಬ್‌ಸೈಟ್, ವಾಟ್ಸಾಪ್, ಕಿಂಡಲ್ ಆಪಲ್ಲಿ ಬರೋ ಇ-ಬುಕ್, ಇಪಬ್ ಫೈಲು. ಇಲ್ಲಿ ಅಕ್ಷರ ದೊಡ್ಡದು ಮಾಡಿದ್ರೆ ಸಾಲು ತಾನೇ ಮುರ್ಕೊಂಡು ಸ್ಕ್ರೀನಿಗೆ ಹೊಂದ್ಕೊಳ್ಳುತ್ತೆ, ಹಾಗಾಗಿ ಚಿಕ್ಕ ಸ್ಕ್ರೀನಲ್ಲೂ ಆರಾಮ, ಪುಟ ಸ್ವಲ್ಪ ಜಾಸ್ತಿ ತಿರುವಬೇಕು ಅಷ್ಟೇ. ಇನ್ನೊಂದು, ಕಟ್ಟಿಹಾಕಿದ ಪುಟ. ಸ್ಕ್ಯಾನ್ ಮಾಡಿದ ಪುಸ್ತಕ, ಪಠ್ಯಪುಸ್ತಕದ ಪಿಡಿಎಫ್, ಕೋಚಿಂಗ್ ನೋಟ್ಸು, ಸರ್ಕಾರಿ ಆದೇಶ, ಪೇಪರಿನ ಇ-ಪೇಪರು. ಇಲ್ಲಿ ಹಿಗ್ಗಿಸಿದ್ರೆ ಇಡೀ ಪುಟಾನೇ ಹಿಗ್ಗುತ್ತೆ, ಅಂಚು ಸ್ಕ್ರೀನಿಂದ ಆಚೆ ಹೋಗುತ್ತೆ. ಇಂಗ್ಲಿಷ್ ಓದೋರಿಗೆ ಬಹುತೇಕ ಎಲ್ಲಾನೂ ಹರಿಯೋ ರೂಪದಲ್ಲಿ ಸಿಗುತ್ತೆ, ನಮಗೆ ಹಂಗಲ್ಲ, ಕನ್ನಡದ ಹಳೇ ಪುಸ್ತಕ ಆನ್‌ಲೈನಲ್ಲಿ ಇರೋದು ಹೆಚ್ಚಾಗಿ ಸ್ಕ್ಯಾನ್ ರೂಪದಲ್ಲೇ, ಅದಕ್ಕೇ ಬೇರೆ ಭಾಷೆ ರಿವ್ಯೂ ನೋಡಿ 'ಓದೋಕೆ ಚಿಕ್ಕದೇ ಬೆಸ್ಟ್' ಅನ್ನೋದನ್ನ ಹಂಗಂಗೇ ನಂಬಬೇಡಿ.

ಈಗ ಅಳತೆಗೆ ಬರೋಣ. ಇಂಚು ಅನ್ನೋದು ಮೂಲೆಯಿಂದ ಮೂಲೆಗೆ ಅಳೆದ ಲೆಕ್ಕ, ಅದರಿಂದ ಕಣ್ಣಿಗೆ ಏನೂ ಗೊತ್ತಾಗಲ್ಲ. 8.7ಕ್ಕೂ 11ಕ್ಕೂ ಎರಡು ಇಂಚು ಚಿಲ್ಲರೆ ತಾನೇ ವ್ಯತ್ಯಾಸ ಅನ್ಸುತ್ತೆ, ಆದ್ರೆ ಸ್ಕ್ರೀನಿನ ಜಾಗ ಲೆಕ್ಕ ಹಾಕಿದ್ರೆ ದೊಡ್ಡದು ಒಂದೂವರೆ ಪಟ್ಟಿಗಿಂತ ಜಾಸ್ತಿ. 8.7 ಇಂಚಿನ ಆಂಡ್ರಾಯ್ಡ್ ಟ್ಯಾಬ್ ಸ್ಕ್ರೀನು ಸುಮಾರು 11.3 ಸೆಂಮೀ ಅಗಲ, 19 ಸೆಂಮೀ ಉದ್ದ. 11 ಇಂಚಿಂದು ಸುಮಾರು 14.8 ಸೆಂಮೀ ಅಗಲ, 23.7 ಉದ್ದ. ಎ4 ಹಾಳೆ 21 ಸೆಂಮೀ ಅಗಲ ಇರುತ್ತೆ, ಅಂದ್ರೆ ಎ4 ಪುಟ 11 ಇಂಚಿನ ಮೇಲೆ 70 ಪರ್ಸೆಂಟಿಗೆ ಇಳಿಯುತ್ತೆ, ಚಿಕ್ಕದರ ಮೇಲೆ 54 ಪರ್ಸೆಂಟಿಗೆ.

ಈ 70, 54 ಅನ್ನೋದು ಬರೀ ಅಂಕಿ ಅನ್ಸಿದ್ರೆ ಜೆರಾಕ್ಸ್ ಅಂಗಡಿ ನೆನಪು ಮಾಡ್ಕೊಳ್ಳಿ. ಕಾಲೇಜಲ್ಲಿ ದುಡ್ಡು ಉಳಿಸೋಕೆ ಒಂದು ಹಾಳೇಲಿ ಎರಡು ಪೇಜ್ ಹಾಕಿಸ್ತಿದ್ವಲ್ಲ, ಅದೇ 70 ಪರ್ಸೆಂಟು. ಪರೀಕ್ಷೆ ಹಿಂದಿನ ದಿನ ಒಂದು ಹಾಳೇಲಿ ನಾಲ್ಕು ಪೇಜ್ ಹಾಕಿಸಿ ಕಣ್ಣು ಕಿರಿದು ಮಾಡ್ಕೊಂಡು ಓದ್ತಿದ್ವಲ್ಲ ಅದು 50 ಪರ್ಸೆಂಟು, ಚಿಕ್ಕ ಟ್ಯಾಬು ಹೆಚ್ಚುಕಮ್ಮಿ ಅದೇ. ಹಾಗಾಗಿ ನಾನು ಹೇಳೋ ಉಪಾಯ ಇಷ್ಟೇ, ನೀವು ನಿಜವಾಗ್ಲೂ ಓದೋ ಪಿಡಿಎಫ್‌ನ ಒಂದು ಪುಟ ಎ4ಗೆ ಪ್ರಿಂಟ್ ತೆಗೆಸಿ, ಅದನ್ನ ಒಂದ್ಸಲ 70ಕ್ಕೆ, ಒಂದ್ಸಲ 54ಕ್ಕೆ ಇಳಿಸಿ ಜೆರಾಕ್ಸ್ ಹೊಡೆಸಿ, ಮನೆಗೆ ತಂದು ರಾತ್ರಿ ಹೊತ್ತು, ನೀವು ಯಾವಾಗ್ಲೂ ಕೂರೋ ಜಾಗದಲ್ಲಿ, ನಿಮ್ಮ ಕನ್ನಡಕ ಹಾಕ್ಕೊಂಡು ಹತ್ತು ನಿಮಿಷ ಓದಿ. ಯಾರಿಗೆ ಕೊಡಿಸ್ತಿದೀರೋ ಅವರ ಕೈಲೇ ಓದಿಸಿ, ನೀವು ಓದಿ ತೀರ್ಮಾನ ಮಾಡಬೇಡಿ, ನಾವು ಮಾಡಿದ್ದು ಅದೇ ತಪ್ಪು. ಕೆಲವೇ ರೂಪಾಯಿಲಿ ಮುಗಿಯೋ ಪರೀಕ್ಷೆ ಇದು.

ಮೂಲ ಪುಸ್ತಕದ ಸೈಜೂ ಲೆಕ್ಕಕ್ಕೆ ಬರುತ್ತೆ. ಕನ್ನಡ ಪುಸ್ತಕಗಳಲ್ಲಿ ಮೊದಲ ಪುಟಗಳಲ್ಲೇ ಕ್ರೌನ್ 1/8, ಡೆಮಿ 1/8 ಅಂತ ಅಚ್ಚು ಹಾಕಿರ್ತಾರೆ ನೋಡಿ. ಕ್ರೌನ್ 1/8 ಅಂದ್ರೆ ಸುಮಾರು ಹನ್ನೆರಡು ಹನ್ನೆರಡೂವರೆ ಸೆಂಮೀ ಅಗಲದ ಪುಟ, ಹಳೇ ಕಾದಂಬರಿಗಳು ಬಹಳಷ್ಟು ಇದೇ ಅಳತೆ, ಇವು ಚಿಕ್ಕ ಟ್ಯಾಬಲ್ಲೂ ಮೂಲ ಅಳತೆಯ ಹತ್ತಿರತ್ತಿರ ಬಂದುಬಿಡುತ್ತೆ, ಅಂಚಿನ ಖಾಲಿ ಜಾಗ ಕ್ರಾಪ್ ಮಾಡೋ ಆಪ್ ಹಾಕ್ಕೊಂಡ್ರೆ ಇನ್ನೂ ಚೆನ್ನಾಗಿ. ಡೆಮಿ 1/8 ಸುಮಾರು 14 ಸೆಂಮೀ ಅಗಲ, ಅದು 11 ಇಂಚಲ್ಲಿ ಪುಸ್ತಕ ಇದ್ದಂಗೇ ಕಾಣುತ್ತೆ. ಕಾದಂಬರಿ ಮಾತ್ರ ಓದೋರಾಗಿದ್ರೆ ಅಪ್ಪನಿಗೂ ಚಿಕ್ಕದು ನಡೀತಿತ್ತು, ಶಾಸನ ಸಂಪುಟ, ನಿಘಂಟು, ಪಠ್ಯಪುಸ್ತಕ ಇವೆಲ್ಲ ದೊಡ್ಡ ಪುಟದವು, ಅಲ್ಲೇ ಸಿಕ್ಕಿಹಾಕಿಕೊಂಡಿದ್ದು.

ಇನ್ನೊಂದು ವಿಷಯ ಅಂಗಡಿಯವರು ಹೇಳಲ್ಲ. ಚಿಕ್ಕ ಸ್ಕ್ರೀನು ಅಂದ್ರೆ ಅಕ್ಷರ ಶಾರ್ಪ್ ಇರುತ್ತೆ ಅಂತ ಒಂದು ನಂಬಿಕೆ ಇದೆ, ಕಡಿಮೆ ಬೆಲೆಯ ಆಂಡ್ರಾಯ್ಡಲ್ಲಿ ಅದು ಉಲ್ಟಾ. 2023ರಲ್ಲಿ ಬಂದ ಸ್ಯಾಮ್‌ಸಂಗ್ ಟ್ಯಾಬ್ ಎ9 ತಗೊಳ್ಳಿ, 8.7 ಇಂಚಲ್ಲಿ 1340 x 800 ಪಿಕ್ಸೆಲ್ (ಸ್ಕ್ರೀನಿನ ಚುಕ್ಕೆ), ಅದರ ದೊಡ್ಡಣ್ಣ ಎ9 ಪ್ಲಸ್ 11 ಇಂಚಲ್ಲಿ 1920 x 1200. ಒಂದು ಇಂಚಿಗೆ ಲೆಕ್ಕ ಹಾಕಿದ್ರೆ ಚಿಕ್ಕದರಲ್ಲಿ ಸುಮಾರು 179, ದೊಡ್ಡದರಲ್ಲಿ 206. ಅಂದ್ರೆ ಪುಟಾನೂ ಸಣ್ಣದು, ಚುಕ್ಕೇನೂ ಕಮ್ಮಿ. ಇದು ಕನ್ನಡಕ್ಕೆ ಜಾಸ್ತಿ ಹೊಡೆತ, ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಇನ್ನೂ ಸಣ್ಣಗೆ ಕೂತಿರುತ್ತೆ, 'ರಾಷ್ಟ್ರ' ಅನ್ನೋದ್ರಲ್ಲಿ ಕೆಳಗೆ ಎರಡೆರಡು, ಆಮೇಲೆ ದ ಮತ್ತೆ ಧ, ಡ ಮತ್ತೆ ಢ ನಡುವೆ ಇರೋದೇ ಕೆಳಗಿನ ಒಂದು ಸೀಳು, ಮಸುಕಾದ ಸ್ಕ್ಯಾನಲ್ಲಿ ಅದೇ ಮೊದಲು ಮಾಯ ಆಗೋದು. ಶಾಸನ ಓದೋರಿಗೆ ಆ ಸೀಳೇ ಮುಖ್ಯ. ಐಪ್ಯಾಡ್ ಮಿನಿ ಇಲ್ಲಿ ಬೇರೆ, 8.3 ಇಂಚಲ್ಲಿ ಇಂಚಿಗೆ 326 ಪಿಕ್ಸೆಲ್, ಮಾಮೂಲಿ ಐಪ್ಯಾಡಿನ 264ಕ್ಕಿಂತ ಶಾರ್ಪ್, ಆದ್ರೆ ಎ4 ಪುಟ ಅಲ್ಲೂ ಇಳಿಯೋದು 55 ಪರ್ಸೆಂಟಿಗೇ, ಅಕ್ಷರ ಸ್ವಚ್ಛವಾಗಿರುತ್ತೆ, ದೊಡ್ಡದೇನೂ ಆಗಲ್ಲ, ಅದೂ ಅಲ್ಲದೆ ಬೆಲೆ ಮಾಮೂಲಿ ಐಪ್ಯಾಡಿಗಿಂತ ಜಾಸ್ತಿ.

ಹಾಗಾದ್ರೆ ಎಲ್ಲರೂ ದೊಡ್ಡದೇ ತಗೋಬೇಕಾ ಅಂದ್ರೆ ಇಲ್ಲ, ತೂಕ ಅಂತ ಒಂದಿದೆ. ಟ್ಯಾಬ್ ಎ9 332 ಗ್ರಾಂ, ಎ9 ಪ್ಲಸ್ 480. ಐಪ್ಯಾಡ್ ಮಿನಿ 293, ಮಾಮೂಲಿ ಐಪ್ಯಾಡ್ 477. ಹತ್ತಿರತ್ತಿರ ಅರ್ಧ ಕೆಜಿ, ಅಂದ್ರೆ ಒಂದು ಅರ್ಧ ಲೀಟರ್ ನಂದಿನಿ ಹಾಲಿನ ಪ್ಯಾಕೆಟ್. ಫ್ರಿಜ್ಜಿಂದ ತೆಗೆದು ಒಂದೇ ಕೈಲಿ ಎದೆ ಮಟ್ಟಕ್ಕೆ ಹಿಡ್ಕೊಂಡು ಹತ್ತು ನಿಮಿಷ ನಿಲ್ಲಿ, ಮಣಿಕಟ್ಟು ಉತ್ತರ ಹೇಳುತ್ತೆ. ಅದರ ಮೇಲೆ ದಪ್ಪ ಕವರ್ ಹಾಕಿದ್ರೆ ಇನ್ನೂ ಇನ್ನೂರು ಮುನ್ನೂರು ಗ್ರಾಂ ಸೇರ್ಕೊಳ್ಳುತ್ತೆ, ಇದನ್ನ ಯಾರೂ ಲೆಕ್ಕಕ್ಕೆ ಹಿಡಿಯಲ್ಲ. ಉದ್ದದಲ್ಲೂ ಅಷ್ಟೇ, 11 ಇಂಚಿಂದು ಒಂದು ಗೇಣಿಗಿಂತ ಉದ್ದ, ಚಿಕ್ಕದು ಗೇಣಿನೊಳಗೆ ಬರುತ್ತೆ, ಒಂದು ಕೈಲಿ ಎರಡೂ ಅಂಚು ಹಿಡಿಯೋಕಾಗುತ್ತೆ.

ಅದಕ್ಕೇ ದಿನಾ ಮೆಟ್ರೋಲಿ ಒಂದು ಕೈಲಿ ಹಿಡಿಕೆ ಹಿಡ್ಕೊಂಡು ನಿಂತು ಓದೋರು, ಬಸ್ಸಲ್ಲಿ ಮೂರು ಜನರ ಸೀಟಲ್ಲಿ ಮೊಣಕೈ ಆಡಿಸೋಕೂ ಜಾಗ ಇಲ್ದೆ ಕೂರೋರು, ಮಲಗಿ ಓದೋ ಅಭ್ಯಾಸ ಇರೋರು, ಇವರೆಲ್ಲ ಓದೋದು ಹರಿಯೋ ಅಕ್ಷರ ಆಗಿದ್ರೆ ಕಣ್ಮುಚ್ಕೊಂಡು ಚಿಕ್ಕದು ತಗೊಳ್ಳಿ. ದೊಡ್ಡದು ತಗೊಂಡ್ರೆ ಅದು ಮನೇಲೇ ಉಳಿಯುತ್ತೆ, ನೀವು ಮತ್ತೆ ಫೋನಲ್ಲೇ ಓದ್ತೀರ. ಎರಡು ಹೆಬ್ಬೆರಳಲ್ಲಿ ಕನ್ನಡ ಟೈಪ್ ಮಾಡೋದೂ ಚಿಕ್ಕದರಲ್ಲೇ ಸಲೀಸು, 11 ಇಂಚನ್ನ ಅಡ್ಡ ಹಿಡಿದ್ರೆ ನಡುವಿನ ಅಕ್ಷರಕ್ಕೆ ಬೆರಳು ಎಟುಕಲ್ಲ, ಕೆಳಗಿಟ್ಟು ಟೈಪ್ ಮಾಡಬೇಕು ಇಲ್ಲ ಕೀಬೋರ್ಡ್ ಜೋಡಿಸಬೇಕು.

ಓದೋ ಮಕ್ಕಳಿಗೆ ಅಂದ್ರೆ ನನ್ನ ಮಟ್ಟಿಗೆ ದೊಡ್ಡದೇ. ರಾಜ್ಯದ ಪಠ್ಯಪುಸ್ತಕಗಳ ಪಿಡಿಎಫ್ ಆನ್‌ಲೈನಲ್ಲಿ ಪುಕ್ಕಟೆ ಸಿಗುತ್ತೆ, ಆ ಪುಟಗಳು ಕಾದಂಬರಿ ಪುಟಕ್ಕಿಂತ ದೊಡ್ಡವು, ನಕ್ಷೆ, ಚಿತ್ರ, ಕೋಷ್ಟಕ ಎಲ್ಲಾ ಇರುತ್ತೆ. ಜೊತೆಗೆ ಸ್ಕ್ರೀನ್ ಎರಡು ಭಾಗ ಮಾಡಿ ಒಂದು ಕಡೆ ಪಾಠದ ವಿಡಿಯೋ ಇನ್ನೊಂದು ಕಡೆ ನೋಟ್ಸ್ ಇಟ್ಕೊಳ್ಳೋದಾದ್ರೆ, 11 ಇಂಚನ್ನ ಅಡ್ಡ ಹಿಡಿದು ಅರ್ಧ ಮಾಡಿದಾಗ ಒಂದೊಂದು ಭಾಗ ಹನ್ನೆರಡು ಸೆಂಮೀ ಹತ್ರ ಅಗಲ ಬರುತ್ತೆ, ಅಂದ್ರೆ ಚಿಕ್ಕ ಟ್ಯಾಬಿನ ಪೂರ್ತಿ ಅಗಲದಷ್ಟು. ಚಿಕ್ಕದನ್ನ ಅರ್ಧ ಮಾಡಿದ್ರೆ ಎರಡು ಫೋನ್ ಪಕ್ಕಪಕ್ಕ ಇಟ್ಟಂಗೆ. ಪೆನ್ನಲ್ಲಿ ಬರೆಯೋ ಆಸೆ ಇದ್ರೆ ಸೈಜಿಗಿಂತ ಮುಂಚೆ ಪೆನ್ ನಡೆಯುತ್ತಾ ಅಂತ ನೋಡಿ, ಎ9, ಎ9 ಪ್ಲಸ್ ಎರಡರಲ್ಲೂ ಸ್ಯಾಮ್‌ಸಂಗಿನ ಎಸ್ ಪೆನ್ ನಡೆಯಲ್ಲ, 10.4 ಇಂಚಿನ ಟ್ಯಾಬ್ ಎಸ್6 ಲೈಟಲ್ಲಿ ಪೆನ್ನು ಬಾಕ್ಸಲ್ಲೇ ಬರ್ತಿತ್ತು.

ಬರೀ ಸಿನಿಮಾ, ಯೂಟ್ಯೂಬ್ ಅನ್ನೋರು ಇಂಚಿನ ಜೊತೆ ಆಕಾರನೂ ನೋಡಿ. ಐಪ್ಯಾಡು ಚೌಕದ ಕಡೆಗಿರುತ್ತೆ, ವಿಡಿಯೋ ಹಾಕಿದ್ರೆ ಮೇಲೆ ಕೆಳಗೆ ಕಪ್ಪು ಪಟ್ಟಿ ದಪ್ಪ, 11 ಇಂಚಿನ ಆಂಡ್ರಾಯ್ಡಲ್ಲಿ ಚಿತ್ರ ಒಂದು ಚೂರು ದೊಡ್ಡದಾಗೇ ಬರುತ್ತೆ. ಪುಟಕ್ಕೆ ಮಾತ್ರ ಚೌಕದ್ದೇ ಮೇಲು, ಮಾಮೂಲಿ ಐಪ್ಯಾಡಲ್ಲಿ ಎ4 ಪುಟ 75 ಪರ್ಸೆಂಟಲ್ಲಿ ಕಾಣುತ್ತೆ.

13 ಇಂಚಿನ ಐಪ್ಯಾಡ್ ಏರ್, 14.6 ಇಂಚಿನ ಸ್ಯಾಮ್‌ಸಂಗ್ ಅಲ್ಟ್ರಾ, ಇವುಗಳಲ್ಲಿ ಎ4 ಪುಟ 90 ಪರ್ಸೆಂಟ್ ಆಸುಪಾಸು ಬರುತ್ತೆ, ಅಂದ್ರೆ ಕಾಗದ ಹಿಡಿದಂಗೇ. ಸಂಗೀತದವರು ಸ್ಟ್ಯಾಂಡ್ ಮೇಲಿಟ್ಟು ಸ್ವರಪ್ರಸ್ತಾರ ನೋಡೋಕೆ, ಕಟ್ಟಡದ ಡ್ರಾಯಿಂಗ್ ನೋಡೋರಿಗೆ ಸರಿ. ತೂಕ ಆರುನೂರು ಏಳುನೂರು ಗ್ರಾಂ, ಬೆಲೇನೂ ಲ್ಯಾಪ್‌ಟಾಪಿಂದು, ಕೈಲಿ ಹಿಡಿದು ಓದ್ತೀನಿ ಅನ್ನೋ ಯೋಚನೆ ಬಿಟ್ಟುಬಿಡಿ.

ವಯಸ್ಸಾದವರ ವಿಷಯಕ್ಕೆ ಇನ್ನೊಂದು ಮಾತು. ಹಗುರ ಇರಲಿ ಅನ್ನೋ ಕಾಳಜಿ ಸರಿನೇ, ಆದ್ರೆ ಅವರು ಟ್ಯಾಬ್ ಎತ್ತಿ ಹಿಡಿಯೋದಕ್ಕಿಂತ ಎಲ್ಲಾದ್ರೂ ಇಟ್ಕೊಂಡು ನೋಡೋದೇ ಜಾಸ್ತಿ, ಹೊರದೇಶದಲ್ಲಿರೋ ಮೊಮ್ಮಕ್ಕಳ ವಿಡಿಯೋ ಕಾಲ್ ಬಂದಾಗಂತೂ ಕೈ ಅಲುಗಾಡದಂಗೆ ನಿಲ್ಲಿಸಲೇಬೇಕು. ಸ್ಟ್ಯಾಂಡ್ ಇದ್ರೆ ತೂಕದ ಪ್ರಶ್ನೆನೇ ಹೋಯ್ತು. ಅಪ್ಪನಿಗೆ ಕೊನೆಗೆ 11 ಇಂಚಿಂದು ತಂದ್ವಿ, ಸ್ಟ್ಯಾಂಡ್ ಕೊಡಿಸೋಣ ಅನ್ನೋಷ್ಟರಲ್ಲಿ ಅವರೇ ಅಟ್ಟದಿಂದ, ಪುಸ್ತಕ ಇಟ್ಟು ಓದೋ ಅಜ್ಜನ ವ್ಯಾಸಪೀಠ ಇಳಿಸಿ ಒರೆಸಿ ಅದರ ಮೇಲೆ ಟ್ಯಾಬ್ ಇಟ್ಟು ಕೂತ್ರು, ಚಾರ್ಜರ್ ವೈರು ಆ ಎರಡು ಹಲಗೆ ಕೂಡೋ ಸಂದಿಯಿಂದ ಕೆಳಗೆ ಹೋಗುತ್ತೆ. ಈಗ ದಿನಾ ಬೆಳಿಗ್ಗೆ ಎರಡು ಗಂಟೆ ಅಲ್ಲೇ.

ಈಗಾಗ್ಲೇ ಚಿಕ್ಕದು ತಗೊಂಡುಬಿಟ್ಟಿದೀವಿ ಅನ್ನೋರು ಮಾರೋಕೆ ಹೋಗಬೇಡಿ, ಮೊದಲು ಅದನ್ನ ಅಡ್ಡ ತಿರುಗಿಸಿ ಓದಿ ನೋಡಿ. 8.7 ಇಂಚಿಂದು ಅಡ್ಡ ಹಿಡಿದ್ರೆ 19 ಸೆಂಮೀ ಅಗಲ ಸಿಗುತ್ತೆ, ಎ4 ಪುಟದ ಸಾಲು 90 ಪರ್ಸೆಂಟಲ್ಲಿ ಪೂರ್ತಿ ಕೂರುತ್ತೆ, ಒಂದ್ಸಲಕ್ಕೆ ಪುಟದ ಅರ್ಧಕ್ಕಿಂತ ಸ್ವಲ್ಪ ಕಮ್ಮಿ ಕಾಣುತ್ತೆ, ಆಮೇಲೆ ಕೆಳಗೆ ಸರಿಸ್ಕೊಂಡು ಹೋಗೋದು, ಎಡಬಲ ಎಳೆದಾಡೋ ಕಷ್ಟ ಇರಲ್ಲ. ಎರಡು ಕಾಲಂ ಇರೋ ಪುಟದಲ್ಲಿ ಮಾತ್ರ ಕೆಳಗೆ ಹೋಗಿ ಮತ್ತೆ ಮೇಲೆ ಬರಬೇಕು, ಇ-ಪೇಪರಿಗಂತೂ ಯಾವ ಟ್ಯಾಬೂ ಸಾಲಲ್ಲ, ಅಲ್ಲಿ ಸುದ್ದಿ ಮೇಲೆ ಒತ್ತಿದ್ರೆ ಬರೀ ಅಕ್ಷರ ತೋರಿಸೋ ಸೌಲಭ್ಯ ಇದ್ರೆ ಅದನ್ನೇ ಬಳಸಿ.