ಸೆಟ್ಟಿಂಗ್‌ನಲ್ಲಿ ಇತ್ತು, ಬ್ರೌಸರ್‌ಗೆ ಮಾತ್ರ ಹೋಗ್ತಾನೇ ಇರಲಿಲ್ಲ

ಪುಣೆಯ ಕೋಥ್ರೂಡ್‌ನಲ್ಲಿ ನಮ್ಮ ಕಡೆಯವರದೇ ಒಂದು ಖಾನಾವಳಿ ಇದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ನಡೆಸುವವರು ವಿಜಯಪುರದವರು, ನಾನು ಕಾಕಾ ಅಂತಲೇ ಕರೆಯುವುದು. ತಿಂಗಳ ಮೆಸ್ ಹಚ್ಚಿಕೊಂಡ ಕಾಲೇಜು ಹುಡುಗರು ಜಾಸ್ತಿ, ಅವರ ರಜೆ ಲೆಕ್ಕ ಇಡುವುದೇ ಕಾಕಾಗೆ ದೊಡ್ಡ ತಲೆನೋವು. ಅದಕ್ಕೆ ನಾನು ಜ್ಯಾಂಗೋದಲ್ಲಿ (ಪೈಥಾನ್‌ನಲ್ಲಿ ವೆಬ್‌ಸೈಟ್ ಕಟ್ಟುವ ಫ್ರೇಮ್‌ವರ್ಕ್) ಒಂದು ಸಣ್ಣ ಸೈಟ್ ಮಾಡಿಕೊಟ್ಟಿದ್ದೆ. ಲಾಗಿನ್ ಆಗಿ ರಜೆ ಹಾಕಬಹುದು, ಬಾಕಿ ಎಷ್ಟು ಅಂತ ನೋಡಬಹುದು. ಮುಂದೆ ಬಾಗಿಲಲ್ಲಿ ನಿಂತು ಕರೆಗಳನ್ನು ಒಳಗೆ ದಾಟಿಸುವ ಎಂಜಿನ್‌ಎಕ್ಸ್ ಸರ್ವರ್ (ಇಂಥದ್ದಕ್ಕೆ ಪ್ರಾಕ್ಸಿ ಅಂತಾರೆ), ಹಿಂದೆ ಜ್ಯಾಂಗೋವನ್ನು ಓಡಿಸುವ ಗುನಿಕಾರ್ನ್, ಎಚ್‌ಟಿಟಿಪಿಎಸ್‌ಗೆ ಬೇಕಾದ ಲೆಟ್ಸ್ ಎನ್‌ಕ್ರಿಪ್ಟ್‌ನ ಪುಕ್ಕಟೆ ಸರ್ಟಿಫಿಕೇಟ್. ನಾನು ದುಡ್ಡು ಕೇಳಲಿಲ್ಲ, ಊಟ ಕೇಳಿದೆ.

ಒಂದು ರಾತ್ರಿ ಊಟಕ್ಕೆ ಕೂತಾಗ ಕಾಕಾ ಪಕ್ಕದ ಟೇಬಲ್ಲಿನ ಹುಡುಗನನ್ನು ತೋರಿಸಿ, "ತಮ್ಮಾ, ನಿನ್ನ ಸೈಟಿನ್ಯಾಗ ಏನೋ ತೂತು ಐತಿ ಅಂತಾನ, ಸ್ವಲ್ಪ ನೋಡು" ಅಂದರು. ಹುಡುಗ ಸಂಕೋಚದಿಂದಲೇ ಹೇಳಿದ: "ಅಣ್ಣಾ, ಎಚ್‌ಎಸ್‌ಟಿಎಸ್ ಹೆಡರ್ ಬರ್ತಾ ಇಲ್ಲ." ಹೆಡರ್ ಅಂದ್ರೆ ಪೇಜಿನ ಜೊತೆ ಸರ್ವರ್ ಬ್ರೌಸರ್‌ಗೆ ಕಳಿಸುವ ಸಣ್ಣ ಸೂಚನೆ.

ನನಗೆ ಸ್ವಲ್ಪ ಸಿಟ್ಟೇ ಬಂತು. ಯಾಕಂದ್ರೆ ಸೆಟ್ಟಿಂಗ್ಸ್ ಫೈಲಿನಲ್ಲಿ ಆ ಸಾಲನ್ನು ನನ್ನ ಕೈಯಾರೆ ಬರೆದಿದ್ದೆ. ಮನೆಗೆ ಹೋಗಿ ಸರ್ವರ್‌ನ ಉತ್ತರ ತೋರಿಸುವ ಕರ್ಲ್ ಕಮಾಂಡ್ ಹಾಕಿ ನೋಡಿದೆ. ಹುಡುಗ ಹೇಳಿದ್ದು ನಿಜ. ಹೆಡರ್ ಇರಲೇ ಇಲ್ಲ. ಆರು ತಿಂಗಳಿಂದ ಇರಲಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಯಾರಾದರೂ ಸೈಟಿನ ಹೆಸರು ಟೈಪ್ ಮಾಡಿದಾಗ ಮೊದಲ ಕರೆ ಗೂಢಲಿಪಿ ಇಲ್ಲದ ಸಾದಾ ಎಚ್‌ಟಿಟಿಪಿಯಲ್ಲಿ ಹೋಗಬಹುದು. ಸರ್ವರ್ "ಗೂಢಲಿಪಿ ಇರುವ ಎಚ್‌ಟಿಟಿಪಿಎಸ್‌ಗೆ ಬಾ" ಅಂತ ಕಳಿಸುತ್ತೆ (ಇದೇ ರೀಡೈರೆಕ್ಟ್). ಆ ಒಂದು ಕ್ಷಣ ಇದೆಯಲ್ಲ, ಅಲ್ಲಿ ಹಾಸ್ಟೆಲ್ ವೈಫೈನಲ್ಲಿ ನಡುವೆ ಕೂತವನು ಆ ಉತ್ತರವನ್ನು ತಡೆದು, ಬಳಕೆದಾರನನ್ನು ಎಚ್‌ಟಿಟಿಪಿಯಲ್ಲೇ ಉಳಿಸಿಕೊಂಡು, ಪಾಸ್‌ವರ್ಡ್ ಓದಬಹುದು. 2009ರಲ್ಲಿ ಭದ್ರತಾ ಸಂಶೋಧಕ ಮಾಕ್ಸಿ ಮಾರ್ಲಿನ್‌ಸ್ಪೈಕ್ ಎಸ್‌ಎಸ್‌ಎಲ್‌ಸ್ಟ್ರಿಪ್ ಅನ್ನುವ ಟೂಲ್ ಮಾಡಿ ಇದು ಎಷ್ಟು ಸುಲಭ ಅಂತ ತೋರಿಸಿದರು. ಅದಕ್ಕೆ ಮದ್ದಾಗಿ ಬಂದದ್ದು ಸ್ಟ್ರಿಕ್ಟ್-ಟ್ರಾನ್ಸ್‌ಪೋರ್ಟ್-ಸೆಕ್ಯುರಿಟಿ ಹೆಡರ್, ಅದೇ ಎಚ್‌ಎಸ್‌ಟಿಎಸ್, 2012ರ ನವೆಂಬರ್‌ನಲ್ಲಿ ಆರ್‌ಎಫ್‌ಸಿ 6797 ಅನ್ನುವ ಇಂಟರ್ನೆಟ್ ನಿಯಮ ದಾಖಲೆಯಾಗಿ ಹೊರಬಂತು. "ಇನ್ನು ಇಷ್ಟು ಸೆಕೆಂಡು ನನ್ನ ಹತ್ತಿರ ಎಚ್‌ಟಿಟಿಪಿಎಸ್‌ನಲ್ಲೇ ಬಾ" ಅಂತ ಬ್ರೌಸರ್‌ಗೆ ಹೇಳುವುದು ಅಷ್ಟೇ ಅದರ ಕೆಲಸ. ಒಮ್ಮೆ ಕೇಳಿಸಿಕೊಂಡರೆ ಬ್ರೌಸರ್ ಆಮೇಲೆ ಎಚ್‌ಟಿಟಿಪಿ ಕಡೆ ತಲೆ ಹಾಕುವುದಿಲ್ಲ. ಸರಿ, ಆದರೆ ಕೇಳಿಸಬೇಕಲ್ಲ!

ನನ್ನ ತಪ್ಪು ಎಲ್ಲಿತ್ತು ಅಂದ್ರೆ, ಜ್ಯಾಂಗೋದ ಸೆಕ್ಯುರಿಟಿ ಮಿಡಲ್‌ವೇರ್ (ಪ್ರತಿ ರಿಕ್ವೆಸ್ಟ್, ಉತ್ತರ ಹಾದುಹೋಗುವ ಒಂದು ಪದರ) ಈ ಹೆಡರ್ ಹಚ್ಚುವ ಮುಂಚೆ ಒಂದು ಪ್ರಶ್ನೆ ಕೇಳುತ್ತೆ: ಬಂದ ರಿಕ್ವೆಸ್ಟ್ ಸುರಕ್ಷಿತವಾ? ಸಾದಾ ಎಚ್‌ಟಿಟಿಪಿಯಲ್ಲಿ ಈ ಹೆಡರ್ ಕಳಿಸಬಾರದು ಅಂತ ಆರ್‌ಎಫ್‌ಸಿಯೇ ಹೇಳುತ್ತೆ, ಕಳಿಸಿದರೂ ಬ್ರೌಸರ್ ಅದನ್ನು ಕಡೆಗಣಿಸುತ್ತೆ. ಹಾಗಾಗಿ ಆ ಪ್ರಶ್ನೆ ಸರಿಯಾದದ್ದೇ. ಆದರೆ ನನ್ನ ಎಂಜಿನ್‌ಎಕ್ಸ್ ಎಚ್‌ಟಿಟಿಪಿಎಸ್ ಬಿಚ್ಚಿ, ಒಳಗೆ ಸಾದಾ ಎಚ್‌ಟಿಟಿಪಿಯಲ್ಲಿ ಕೊಡುತ್ತಿತ್ತು. "ಹೊರಗಿನವ ಎಚ್‌ಟಿಟಿಪಿಎಸ್‌ನಲ್ಲಿ ಬಂದಿದ್ದ" ಅಂತ ಯಾರೂ ಜ್ಯಾಂಗೋಗೆ ಹೇಳಿರಲಿಲ್ಲ. ಅದು ಪ್ರತಿ ಸಲ "ಸುರಕ್ಷಿತ ಅಲ್ಲ" ಅಂದುಕೊಂಡು ಸುಮ್ನೆ ಬಿಟ್ಟುಬಿಡುತ್ತಿತ್ತು. ಎರರ್ ಇಲ್ಲ, ಲಾಗ್‌ನಲ್ಲಿ ಒಂದು ಸಾಲಿಲ್ಲ.

ಸೈಟು ಹೊರಗೆ ಬಿಡುವ ಮುಂಚೆ ಸೆಟ್ಟಿಂಗ್ ಪರೀಕ್ಷಿಸುವ ಜ್ಯಾಂಗೋದ ಚೆಕ್ ಡಿಪ್ಲಾಯ್ ಕಮಾಂಡ್ ಓಡಿಸಿದ್ದೆ, ಹೌದು. ಎಚ್‌ಎಸ್‌ಟಿಎಸ್ ಬಗ್ಗೆ ಅದು ಏನೂ ಅನ್ನಲಿಲ್ಲ. ಯಾಕಂದ್ರೆ ಆ ಎಚ್ಚರಿಕೆ, ಡಬ್ಲ್ಯೂ004, ನೋಡುವುದು ಸೆಟ್ಟಿಂಗ್‌ನಲ್ಲಿ ಸೊನ್ನೆ ಇದೆಯಾ ಅಂತ ಮಾತ್ರ. ನಾನು ಅಂಕಿ ಬರೆದಿದ್ದೆ, ಅದಕ್ಕೆ ಅಷ್ಟು ಸಾಕಾಯ್ತು. ಹೆಡರ್ ನಿಜವಾಗಿ ಹೊರಗೆ ಹೋಯ್ತಾ ಅನ್ನುವುದು ಅದಕ್ಕೆ ಹೇಗೆ ಗೊತ್ತಾಗಬೇಕು?

ನಾಚಿಕೆಯ ಮಾತು ಇನ್ನೊಂದಿದೆ. ಮೊದಲ ದಿನ ಜ್ಯಾಂಗೋದ ಎಸ್‌ಎಸ್‌ಎಲ್ ರೀಡೈರೆಕ್ಟ್ ಆನ್ ಮಾಡಿದಾಗ ಪೇಜು ತನ್ನ ಕಡೆಗೇ ತಾನು ತಿರುಗುತ್ತಾ, ಬ್ರೌಸರ್ "ತುಂಬಾ ರೀಡೈರೆಕ್ಟ್" ಅಂತ ಕೈಚೆಲ್ಲಿತ್ತು. ಅದೂ ಇದೇ ರೋಗದ ಲಕ್ಷಣ. ಎಷ್ಟು ಸಲ ಎಚ್‌ಟಿಟಿಪಿಎಸ್‌ನಲ್ಲಿ ಬಂದರೂ ಜ್ಯಾಂಗೋಗೆ ಅದು ಎಚ್‌ಟಿಟಿಪಿಯಂತೆಯೇ ಕಾಣುತ್ತಿತ್ತು. ನಾನು ಏನು ಮಾಡಿದೆ? ಆ ಸಾಲಿನ ಮುಂದೆ ಹ್ಯಾಶ್ ಹಾಕಿ ಅದನ್ನು ನಿಲ್ಲಿಸಿ, ರೀಡೈರೆಕ್ಟ್ ಕೆಲಸ ಎಂಜಿನ್‌ಎಕ್ಸ್‌ಗೆ ಕೊಟ್ಟು, ಮಲಗಿದೆ. ಜ್ವರ ಬಂದಾಗ ಥರ್ಮಾಮೀಟರ್ ಒಡೆದ ಹಾಗೆ.

ಸರಿಪಡಿಸಲು ಎರಡು ಸಾಲು ಸಾಕಾಯ್ತು. ಎಂಜಿನ್‌ಎಕ್ಸ್‌ನಲ್ಲಿ ಪ್ರಾಕ್ಸಿ ಸೆಟ್ ಹೆಡರ್ ಮೂಲಕ ಎಕ್ಸ್-ಫಾರ್ವರ್ಡೆಡ್-ಪ್ರೋಟೋ ಅನ್ನುವ ಹೆಡರ್‌ಗೆ ನಿಜವಾದ ಸ್ಕೀಮ್, ಅಂದರೆ ಎಚ್‌ಟಿಟಿಪಿಯೋ ಎಚ್‌ಟಿಟಿಪಿಎಸ್ಸೋ ಅನ್ನುವುದನ್ನು, ತುಂಬಿಸಿ ಕಳಿಸಿದೆ. ಜ್ಯಾಂಗೋದಲ್ಲಿ ಸೆಕ್ಯೂರ್ ಪ್ರಾಕ್ಸಿ ಎಸ್‌ಎಸ್‌ಎಲ್ ಹೆಡರ್ ಅನ್ನುವ ಸೆಟ್ಟಿಂಗ್ ಕೊಟ್ಟು ಅದನ್ನು ನಂಬು ಅಂದೆ. ಇಲ್ಲೊಂದು ಎಚ್ಚರಿಕೆ ಬೇಕು. ಈ ಹೆಡರನ್ನು ಹೊರಗಿನವನೂ ಸುಳ್ಳಾಗಿ ಕಳಿಸಬಹುದು, ಆದ್ದರಿಂದ ಪ್ರಾಕ್ಸಿ ಅದನ್ನು ಪ್ರತಿ ಸಲ ಅಳಿಸಿ ತನ್ನದನ್ನೇ ಬರೆಯಬೇಕು, ಗುನಿಕಾರ್ನ್ ಪೋರ್ಟ್ ಹೊರಗಿನ ಲೋಕಕ್ಕೆ ಕಾಣಲೇಬಾರದು. ನಾನು ಅದನ್ನು ಅದೇ ಯಂತ್ರದೊಳಗೆ ಮಾತ್ರ ಸಿಗುವ ಯೂನಿಕ್ಸ್ ಸಾಕೆಟ್‌ಗೆ ಕಟ್ಟಿದೆ.

ಫ್ರೇಮ್‌ವರ್ಕ್ ಕೂಡ ಇಲ್ಲಿ ಎಡವಿದೆ, ನಾವಷ್ಟೇ ಅಲ್ಲ. 2019ರ ಜುಲೈ 1ರಂದು ಜ್ಯಾಂಗೋ 2.2.3, 2.1.10, 1.11.22 ಒಟ್ಟಿಗೆ ಬಿಟ್ಟಿದ್ದು ಸಿವಿಇ-2019-12781 ಅಂತ ದಾಖಲಾದ ಭದ್ರತಾ ತೂತು ಮುಚ್ಚಲು. ಅದು ನನ್ನ ಕಥೆಗೆ ಉಲ್ಟಾ. ಪ್ರಾಕ್ಸಿ ಮತ್ತು ಜ್ಯಾಂಗೋ ನಡುವೆ ಎಚ್‌ಟಿಟಿಪಿಎಸ್ ಇದ್ದರೆ, ಬಳಕೆದಾರ ಸಾದಾ ಎಚ್‌ಟಿಟಿಪಿಯಲ್ಲಿ ಬಂದಿದ್ದರೂ ಜ್ಯಾಂಗೋ ಅವನನ್ನು ಸುರಕ್ಷಿತ ಅಂದುಕೊಳ್ಳುತ್ತಿತ್ತು, ಪ್ರಾಕ್ಸಿ "ಇಲ್ಲಪ್ಪ, ಎಚ್‌ಟಿಟಿಪಿ" ಅಂತ ಹೆಡರ್‌ನಲ್ಲಿ ಹೇಳಿದರೂ ಕೇಳುತ್ತಿರಲಿಲ್ಲ, ರೀಡೈರೆಕ್ಟ್ ಮಾಡುತ್ತಿರಲಿಲ್ಲ. ನಡುವೆ ಪ್ರಾಕ್ಸಿ ಕೂತರೆ ಯಾರು ಯಾವ ದಾರಿಯಲ್ಲಿ ಬಂದರು ಅನ್ನುವುದೇ ಗೋಜಲು.

ಹೋಮ್ ಪೇಜಿನಲ್ಲಿ ಹೆಡರ್ ಕಂಡಿತು. ಮುಗೀತು ಅಂದುಕೊಂಡೆ. ಆದರೆ ಆ ಹುಡುಗ ಮರುದಿನ ಇನ್ನೊಂದು ಸ್ಕ್ರೀನ್‌ಶಾಟ್ ಕಳಿಸಿದ. ಗಣಪತಿ ಹಬ್ಬ ಅಂತ ಕಾಕಾ ಮೆಸ್ ಮುಚ್ಚಿದ್ದರು, ಸೈಟಿನಲ್ಲಿ "ಇವತ್ತು ರಜೆ" ಅನ್ನುವ ಪೇಜು ಇತ್ತು, ಅದರಲ್ಲಿ ಹೆಡರ್ ಇಲ್ಲ. ಆ ರಜೆ ಪೇಜು ಕೊಡುವ ಮಿಡಲ್‌ವೇರ್ ನಾನೇ ಬರೆದದ್ದು, ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟಿದ್ದೆ. ಅದು ಬಾಗಿಲಲ್ಲೇ ಉತ್ತರ ಕೊಟ್ಟು ವಾಪಸ್ ಕಳಿಸಿದರೆ ಕೆಳಗಿನ ಸೆಕ್ಯುರಿಟಿ ಮಿಡಲ್‌ವೇರ್‌ವರೆಗೆ ಮಾತೇ ಹೋಗುವುದಿಲ್ಲ. ಎರಡು ಸಾಲು ಅದಲು ಬದಲು ಮಾಡಿದೆ. ಆಮೇಲೆ ಕೂತು, ಯಾವ್ಯಾವ ಥರದ ಉತ್ತರ ನಮ್ಮ ಸೈಟಿನಿಂದ ಹೊರಗೆ ಹೋಗುತ್ತೆ ಅಂತ ಒಂದೊಂದೇ ಹುಡುಕಿದೆ. ಲೋಗೋ ಚಿತ್ರ, ಇಲ್ಲದ ವಿಳಾಸಕ್ಕೆ ಬರುವ 404 ಎರರ್, ಗುನಿಕಾರ್ನ್ ನಿಲ್ಲಿಸಿದಾಗ ಬರುವ 502 ಎರರ್. ಚಿತ್ರವನ್ನು ಎಂಜಿನ್‌ಎಕ್ಸ್ ನೇರವಾಗಿ ಕೊಡುತ್ತೆ, 502 ಕೂಡ ಅದರದ್ದೇ. ಜ್ಯಾಂಗೋಗೆ ಅವುಗಳ ಸುದ್ದಿಯೇ ಇಲ್ಲ.

ಹಾಗಾದರೆ ಹೆಡರ್ ಎಂಜಿನ್‌ಎಕ್ಸ್‌ನಲ್ಲೇ ಹಚ್ಚೋಣ ಅಂತ ಹೊರಟೆ. ಅಲ್ಲೂ ಎರಡು ಗುಂಡಿ. ಹೆಡರ್ ಸೇರಿಸುವ "ಆಡ್ ಹೆಡರ್" ಸಾಲಿಗೆ ಕೊನೆಯಲ್ಲಿ "ಆಲ್ವೇಸ್" ಅಂತ ಬರೆಯದಿದ್ದರೆ 404, 502ರಂಥ ಉತ್ತರಗಳಿಗೆ ಅದು ಅಂಟುವುದಿಲ್ಲ. ಇನ್ನೊಂದು ಇದಕ್ಕಿಂತ ಕಪಟಿ: ಸೈಟಿನ ಒಂದು ಭಾಗದ ವಿಳಾಸಗಳಿಗೆ ಮಾತ್ರ ಅನ್ವಯಿಸುವ ಒಳಗಿನ ಲೊಕೇಶನ್ ಬ್ಲಾಕ್‌ನಲ್ಲಿ ನೀವು ಬೇರೆ ಯಾವುದಾದರೂ ಆಡ್ ಹೆಡರ್ ಬರೆದರೆ, ಮೇಲಿನ ಸರ್ವರ್ ಬ್ಲಾಕ್‌ನಲ್ಲಿ ಬರೆದ ಯಾವ ಆಡ್ ಹೆಡರೂ ಅಲ್ಲಿಗೆ ಇಳಿಯುವುದಿಲ್ಲ. ನಾನು ಚಿತ್ರದಂಥ ಸ್ಟ್ಯಾಟಿಕ್ ಫೈಲುಗಳಿಗೆ ಕ್ಯಾಶ್-ಕಂಟ್ರೋಲ್ ಹೆಡರ್ ಹಾಕಿದ್ದೆ. ಅಲ್ಲಿ ಎಚ್‌ಎಸ್‌ಟಿಎಸ್ ಹೋಯ್ತು. ಕೊನೆಗೆ ಹೆಡರ್ ಸಾಲನ್ನು ಒಂದು ಸಣ್ಣ ಫೈಲಿನಲ್ಲಿಟ್ಟು ಪ್ರತಿ ಬ್ಲಾಕ್‌ನಲ್ಲೂ ಇನ್‌ಕ್ಲೂಡ್ ಮಾಡಿದೆ. ಜ್ಯಾಂಗೋದಿಂದ ಬರುವ ಅದೇ ಹೆಡರನ್ನು ಪ್ರಾಕ್ಸಿ ಹೈಡ್ ಹೆಡರ್‌ನಿಂದ ಮರೆಮಾಡಿದೆ, ಇಲ್ಲದಿದ್ದರೆ ಒಂದೇ ಉತ್ತರದಲ್ಲಿ ಎರಡೆರಡು ಬರುತ್ತೆ, ಬ್ರೌಸರ್ ಮೊದಲನೆಯದನ್ನು ಮಾತ್ರ ಓದುತ್ತೆ.

ಡಬ್ಲ್ಯೂಡಬ್ಲ್ಯೂಡಬ್ಲ್ಯೂ ವಿಷಯವನ್ನು ನಾನು ತೀರಾ ತಡವಾಗಿ ಗಮನಿಸಿದೆ. ಹುಡುಗರು ಟೈಪ್ ಮಾಡುವುದು ಮುಂದೆ ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇಲ್ಲದ ಬರೀ ಹೆಸರು. ನನ್ನ ರೀಡೈರೆಕ್ಟ್ ಅವರನ್ನು ಎಚ್‌ಟಿಟಿಪಿಯ ಬರೀ ಹೆಸರಿನಿಂದ ಒಂದೇ ಜಿಗಿತಕ್ಕೆ ಎಚ್‌ಟಿಟಿಪಿಎಸ್‌ನ ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಹೆಸರಿಗೆ ಒಯ್ಯುತ್ತಿತ್ತು. ಹೆಡರ್ ಸಿಗುವುದು ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಹೆಸರಿಗೆ ಮಾತ್ರ. ಬರೀ ಹೆಸರಿಗೆ ಬ್ರೌಸರ್ ಯಾವತ್ತೂ ಎಚ್‌ಟಿಟಿಪಿಎಸ್‌ನಲ್ಲಿ ಹೋಗೇ ಇಲ್ಲ, ಅದರ ಬಗ್ಗೆ ಏನನ್ನೂ ನೆನಪಿಟ್ಟುಕೊಳ್ಳುವುದಿಲ್ಲ. ಮುಂದಿನ ವಾರ ಮತ್ತೆ ಟೈಪ್ ಮಾಡಿದಾಗ ಮತ್ತೆ ಅದೇ ಬಯಲು ದಾರಿ. ಈಗ ಮೊದಲು ಅದೇ ಹೆಸರಿನ ಎಚ್‌ಟಿಟಿಪಿಎಸ್‌ಗೆ ಕಳಿಸಿ, ಅಲ್ಲಿ ಹೆಡರ್ ಕೊಟ್ಟು, ಆಮೇಲೆ ಡಬ್ಲ್ಯೂಡಬ್ಲ್ಯೂಡಬ್ಲ್ಯೂಗೆ ಕಳಿಸುತ್ತೇನೆ. ಒಂದು ಜಿಗಿತ ಜಾಸ್ತಿ, ಪರವಾಗಿಲ್ಲ. ಕ್ರೋಮ್‌ನ ಡೆವ್ ಟೂಲ್ಸ್‌ನಲ್ಲಿ "307 ಇಂಟರ್ನಲ್ ರೀಡೈರೆಕ್ಟ್" ಕಂಡ ದಿನ ನಿಜವಾಗಿ ನೆಮ್ಮದಿಯಾಯ್ತು. ಅದರರ್ಥ ರಿಕ್ವೆಸ್ಟ್ ಬ್ರೌಸರ್‌ನಿಂದ ಆಚೆ ಹೋಗುವ ಮುಂಚೆಯೇ ಎಚ್‌ಟಿಟಿಪಿಎಸ್ ಆಗಿದೆ.

ಕಾಕಾಗೆ ಇದನ್ನೆಲ್ಲ ವಿವರಿಸಿದಾಗ, "ಅಲ್ಲೋ, ಮೊದಲು ಬೀಗದ ಚಿತ್ರ ಕಾಣತಿತ್ತಲ್ಲ, ಸಾಕಾಗಿತ್ತಲ್ಲ" ಅಂದರು. ಕ್ರೋಮ್ ಆ ಬೀಗವನ್ನು 2023ರಲ್ಲೇ ತೆಗೆದು ಬೇರೆ ಗುರುತು ಹಾಕಿತು ಅಂತ ಹೇಳಿದೆ. "ಅದಕ್ಕ ಕಳ್ಳರು ಬಂದಾರ" ಅಂದರು.

ಬ್ರೌಸರ್ ಎಷ್ಟು ಸೆಕೆಂಡು ನೆನಪಿಡಬೇಕು ಅನ್ನುವ ಮ್ಯಾಕ್ಸ್-ಏಜ್ ವಿಷಯದಲ್ಲಿ ನಾನು ಹೆದರುಪುಕ್ಕಲ. ಮೊದಲು 300 ಸೆಕೆಂಡು, ಎರಡು ದಿನ ನೋಡಿ 3600, ಆಮೇಲೆ ಒಂದು ವಾರ, ಈಗ 31536000, ಅಂದರೆ ಒಂದು ವರ್ಷ. ಈ ಹೆಡರ್ ಇದ್ದಾಗ ಸರ್ಟಿಫಿಕೇಟ್ ಅವಧಿ ಮುಗಿದರೆ "ಪರವಾಗಿಲ್ಲ, ಮುಂದುವರಿ" ಅನ್ನುವ ಆಯ್ಕೆಯೂ ಬ್ರೌಸರ್ ಕೊಡುವುದಿಲ್ಲ, ಊಟದ ಹೊತ್ತಿಗೆ ಸೈಟು ಪೂರ್ತಿ ಬಂದ್. ನನ್ನ ಸರ್ಟಿಫಿಕೇಟ್ 90 ದಿನದ್ದು. ಅದಕ್ಕೆ ಸರ್ಟಿಫಿಕೇಟ್ ತರುವ ಸರ್ಟ್‌ಬಾಟ್ ಟೂಲ್ ತಾನಾಗಿ ನವೀಕರಿಸುತ್ತಿದೆಯಾ ಅಂತ ಡ್ರೈ ರನ್ ಮಾಡಿ ನೋಡಿಯೇ ಅಂಕಿ ಏರಿಸಿದೆ. ಜೊತೆಗೆ ಲಾಗಿನ್ ನೆನಪಿಡುವ ಸೆಷನ್ ಕುಕ್ಕಿಗೆ, ಎಚ್‌ಟಿಟಿಪಿಎಸ್‌ನಲ್ಲಿ ಮಾತ್ರ ಹೋಗು ಅನ್ನುವ ಸೆಕ್ಯೂರ್ ಗುರುತನ್ನೂ ಹಚ್ಚಿದೆ. ಜ್ಯಾಂಗೋದಲ್ಲಿ ಅದು ಮೊದಲಿನಿಂದಲೇ ಆನ್ ಇರುವುದಿಲ್ಲ.

ಎಚ್‌ಟಿಟಿಪಿಎಸ್‌ನಲ್ಲೇ ತೆರೆಯಬೇಕಾದ ಸೈಟುಗಳನ್ನು ಬ್ರೌಸರ್ ಒಳಗೇ ಬರೆದಿಟ್ಟಿರುವ ಪ್ರೀಲೋಡ್ ಪಟ್ಟಿಗೆ ಮಾತ್ರ ನಮ್ಮ ಸೈಟನ್ನು ಇನ್ನೂ ಹಾಕಿಲ್ಲ. ಅದಕ್ಕೆ ಎಲ್ಲ ಸಬ್‌ಡೊಮೇನ್‌ಗಳಿಗೂ ಇದೇ ನಿಯಮ ಅನ್ನುವ ಇನ್‌ಕ್ಲೂಡ್‌ಸಬ್‌ಡೊಮೇನ್ಸ್ ಬೇಕೇ ಬೇಕು, ಒಮ್ಮೆ ಸೇರಿದರೆ ಹೊರಬರಲು ತಿಂಗಳುಗಟ್ಟಲೆ ಹಿಡಿಯುತ್ತೆ. ಕಾಕಾ ಗಲ್ಲಾಪೆಟ್ಟಿಗೆ ಮೇಲಿನ ಕ್ಯಾಮೆರಾವನ್ನು ಮನೆಯಿಂದ ನೋಡಲು ಯಾರದ್ದೋ ಕೈಲಿ ಒಂದು ಸಬ್‌ಡೊಮೇನ್ ಮಾಡಿಸಿಕೊಂಡಿದ್ದಾರೆ. ಆ ಡಬ್ಬಿಗೆ ಎಚ್‌ಟಿಟಿಪಿ ಬಿಟ್ಟು ಬೇರೇನೂ ಗೊತ್ತಿಲ್ಲ. ಬದಲಿಸಿ ಅಂದೆ. ದೀಪಾವಳಿಗೆ ತರೋಣ ಅಂದಿದ್ದಾರೆ, ಯಾವ ದೀಪಾವಳಿ ಅಂತ ಹೇಳಿಲ್ಲ.